ಬಾಯಿ ಮಾತ್ರ ನಮಗೆ ಕೊಡಿ

ಬಾಯಿ ಮಾತ್ರ ಕೊಡಬೇಕಂತೆ! ಆ ಮಾತು ಕೇಳಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ದೊಡ್ಡ ಆಫೀಸಿನಿಂದ ಬಂದಿದ್ದ ಗರಿಗರಿ ಅಂಗಿಯ ಹುಡುಗನೊಬ್ಬ ಡ್ರೈವರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಕೈ ಸ್ಟೀರಿಂಗ್ ಮೇಲಿರಲಿ, ಕಣ್ಣು ರಸ್ತೆ ಮೇಲಿರಲಿ, ಬಾಯಿ ಮಾತ್ರ ನಮಗೆ ಕೊಡಿ" ಎಂದನಂತೆ. ಎಲ್ಲರೂ ನಕ್ಕರಂತೆ. ನನ್ನ ಗಂಡನೂ ನಕ್ಕು, ಮನೆಗೆ ಬಂದು ಅದನ್ನು ಅವನ ಹಾಗೇ ಮಾತಾಡಿ ತೋರಿಸಿದರು. ನಾನೂ ನಕ್ಕೆ. ಕೊಡಿ ಅಂತ ಅವನು ಕೇಳಿದ್ದು ತಮಾಷೆಗಲ್ಲ ಅಂತ ನಮಗೇನು ಗೊತ್ತು?

ನನ್ನ ಗಂಡ ಒಂದು ದೊಡ್ಡ ಲಾಂಡ್ರಿಯಲ್ಲಿ ವ್ಯಾನ್ ಓಡಿಸುತ್ತಾರೆ. ಒಗೆದು ಮಡಿಸಿದ ಹಾಸುಬಟ್ಟೆ, ಟವೆಲ್ಲುಗಳ ಗಂಟನ್ನು ಲಾಡ್ಜುಗಳಿಗೂ ಆಸ್ಪತ್ರೆಗಳಿಗೂ ಇಳಿಸುವುದು, ಅಲ್ಲಿಂದ ಕೊಳೆಬಟ್ಟೆಯ ಗಂಟು ಹೇರಿಕೊಂಡು ಬರುವುದು. ಇವರನ್ನು ಲಾಂಡ್ರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ಕಂಚು" ಎನ್ನುತ್ತಾರೆ. ಅಂಥ ಕಂಠ. ಲಾಡ್ಜಿನ ಹಿಂಬಾಗಿಲಲ್ಲಿ ನಿಂತು "ಬಟ್ಟೆ ಬಂತೂ" ಎಂದು ಒಂದು ಸಲ ಕೂಗಿದರೆ ಮೇಲಿನ ಮಹಡಿಯಲ್ಲಿ ಕೋಣೆ ಗುಡಿಸುವವಳು ಪೊರಕೆ ಬಿಟ್ಟು ಇಳಿದು ಬರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ನಾನು, "ರೀ, ಸ್ವಲ್ಪ ಮೆತ್ತಗೆ, ಪಕ್ಕದ ಮನೆಯವರಿಗೆ ನಮ್ಮ ಸಂಸಾರ ಎಲ್ಲಾ ಗೊತ್ತಾಗ್ತಿದೆ" ಎಂದು ಎಷ್ಟು ಸಲ ಬಾಯಿಗೆ ಕೈ ಅಡ್ಡ ಹಿಡಿದಿದ್ದೇನೋ.

ಆ ದನಿಯ ಮೇಲೆ ನನಗಿಂತ ಹೆಚ್ಚು ಹಕ್ಕು ಇದ್ದದ್ದು ನನ್ನ ಅತ್ತೆಗೆ. ಅವರಿಗೆ ಕಣ್ಣು ಕಾಣುವುದಿಲ್ಲ. ಕಣ್ಣಿನ ಒಳಗೆ ಒತ್ತಡ ಏರಿ ಏರಿ, ಮೊದಲು ಅಕ್ಕಪಕ್ಕದ್ದು ಮರೆಯಾಗಿ, ಆಮೇಲೆ ಎದುರಿನದ್ದೂ ಹೋಯಿತು. ಅಂದಿನಿಂದ ಅವರು ಜಗತ್ತು ನೋಡಿದ್ದೆಲ್ಲ ಮಗನ ಬಾಯಿಂದಲೇ. ಸಂಜೆ ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಇವರು "ಅಮ್ಮಾ, ಬಂದೆ" ಎನ್ನಬೇಕು, ಅವರು ಮಂಚದ ಮೇಲೆ ಎದ್ದು ಕೂರಬೇಕು. ಆಮೇಲೆ ಇಬ್ಬರ ದರ್ಬಾರು.

"ಆಸ್ಪತ್ರೆ ಗೋಡೆಗೆ ಹಸಿರು ಬಣ್ಣ ಬಳಿದಿದಾರಮ್ಮ. ಹಸಿರು ಅಂದ್ರೆ ಎಂಥಾ ಹಸಿರು ಅಂತೀಯ, ಕಹಿ ಔಷಧಿ ಸೀಸೆ ಇರತ್ತಲ್ಲ, ಆ ಹಸಿರು."

"ಥೂ! ಹೋಗಿ ಹೋಗಿ ಆಸ್ಪತ್ರೆಗೆ ಅದೇ ಬಣ್ಣ ಬೇಕಿತ್ತಾ ಅವರಿಗೆ?"

ಹೀಗೇ ಊಟದ ಹೊತ್ತಿನವರೆಗೆ. ಒಮ್ಮೆ ನಾನೇ, ಹಗಲು ಬೇಸರವಾಗದಿರಲಿ ಎಂದು ಫೋನಿನಲ್ಲಿ ಕಥೆ ಓದಿ ಹೇಳುವುದನ್ನು ಹಾಕಿಕೊಟ್ಟೆ. ಸ್ವಲ್ಪ ಕೇಳಿಸಿಕೊಂಡು, "ಯಾರಮ್ಮಾ ಇವಳು, ಉಸಿರೂ ಎಳ್ಕೊಳ್ಳದೆ ಬಡ್ಕೊಳ್ತಾಳೆ, ನಿಲ್ಸು" ಎಂದರು. ಸಂಜೆಯವರೆಗೆ ಕಾಯುವುದೇ ಅವರಿಗೆ ಇಷ್ಟ.

ಅಂಥ ಮನೆಯ ಮೇಲೆ ಒಂದು ಪೆಟ್ಟಿಗೆಯ ಕಣ್ಣು ಬಿತ್ತು. ಆ ಗರಿಗರಿ ಅಂಗಿಯವನು ವ್ಯಾನಿನ ಗಾಜಿನ ಕೆಳಗೆ ಅಂಟಿಸಿಹೋದ, ಅಂಗೈ ಅಗಲದ ಕರಿ ಪೆಟ್ಟಿಗೆ. ಅದರೊಳಗೆ ಇಂಟರ್ನೆಟ್ಟು. ಯಾವ ರಸ್ತೆಯಲ್ಲಿ ಗಾಡಿಗಳು ನಿಂತಿವೆ, ಯಾವ ಲಾಡ್ಜಿಗೆ ಟವೆಲ್ಲು ಸಾಲಲಿಲ್ಲ, ಯಾರು ಕಲೆ ಹೋಗಿಲ್ಲ ಎಂದು ದೂರು ಬರೆದಿದ್ದಾರೆ, ಎಲ್ಲವನ್ನೂ ಅದು ಹೆಣ್ಣುದನಿಯಲ್ಲಿ ಓದಿ ಹೇಳುತ್ತದೆ. ಹೇಳಿ ಸುಮ್ಮನಾದರೆ ಬೇರೆ ಮಾತು. ಪ್ರತಿಯೊಂದಕ್ಕೂ ಉತ್ತರ ಬೇಕು, ಬಾಯಲ್ಲೇ ಬೇಕು. ಕೇಳಿಸಿತಾ, ಹೋಗುತ್ತೀರಾ, ತಲುಪಿದಿರಾ, ಎಷ್ಟು ಗಂಟು, ತಡ ಏಕೆ. ಉತ್ತರ ಬರದಿದ್ದರೆ "ಚಾಲಕರು ಪ್ರತಿಕ್ರಿಯಿಸುತ್ತಿಲ್ಲ" ಎಂದು ಆಫೀಸಿಗೆ ಚಾಡಿ ಹೋಗುತ್ತದೆ.

ಇನ್ನೊಂದು ಕಡೆ, ಡೀಸೆಲ್ ಉಳಿಸಬೇಕು, ಎ.ಸಿ. ಹಾಕಕೂಡದು ಎಂದು ಅದೇ ಆಫೀಸಿನ ಅಪ್ಪಣೆ. ಕೊಳೆ ಗಂಟುಗಳನ್ನು ಬೆನ್ನಿಗಿಟ್ಟುಕೊಂಡು, ಬಿಸಿಲಲ್ಲಿ ಕಿಟಕಿ ಮುಚ್ಚಿ ಗಾಡಿ ಓಡಿಸಲು ಯಾವ ಮನುಷ್ಯನಿಂದ ಆಗುತ್ತದೆ? ಕಿಟಕಿ ತೆಗೆದರೆ ಲಾರಿ, ಬಸ್ಸು, ಹಾರ್ನು. ಪೆಟ್ಟಿಗೆಗೆ ಇವರ ಮಾತು ಕೇಳಿಸುವುದಿಲ್ಲ. "ಕ್ಷಮಿಸಿ, ದಯವಿಟ್ಟು ಇನ್ನೊಮ್ಮೆ ಹೇಳಿ." ಇವರು ಕೂಗಬೇಕು. "ಕ್ಷಮಿಸಿ, ದಯವಿಟ್ಟು ಇನ್ನೊಮ್ಮೆ ಹೇಳಿ." ಗಂಟಲು ಹರಿಯುವ ಹಾಗೆ ಕೂಗಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಇದೇ ಕಥೆ. ಈ ಎರಡು ಅಪ್ಪಣೆ ಒಂದಕ್ಕೊಂದು ಹೊಂದುವುದಿಲ್ಲ ಎಂದು ಆ ಗರಿಗರಿ ಅಂಗಿಯವನ ತಲೆಗೆ ಹೊಳೆಯಲೇ ಇಲ್ಲ. ಅವನು ಪೆಟ್ಟಿಗೆ ಪರೀಕ್ಷೆ ಮಾಡಿದ್ದು ತಣ್ಣಗಿನ ಕೋಣೆಯಲ್ಲಿ ಕೂತು.

ಮೊದಮೊದಲು ಇವರ ದನಿ ಸಂಜೆಗೆ ಒರಟಾಗುತ್ತಿತ್ತು. ಆಮೇಲೆ ಬೆಳಿಗ್ಗೆಯೂ ಸರಿಹೋಗಲಿಲ್ಲ. ಉಪ್ಪುನೀರು ಮುಕ್ಕಳಿಸಿದ್ದಾಯಿತು, ಬಿಸಿನೀರು ಕುಡಿದದ್ದಾಯಿತು. ಒಂದು ದಿನ ಅಮ್ಮನಿಗೆ ಏನೋ ಹೇಳುತ್ತಿದ್ದಾಗ ಮಾತು ಅರ್ಧಕ್ಕೇ ನಿಂತು ಬರೀ ಗಾಳಿ ಬಂತು. ಕೈಹಿಡಿದು ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ.

ಆ ಡಾಕ್ಟರಮ್ಮ ಗಂಟಲೊಳಗೆ ಕೊಳವೆ ಇಳಿಸಿ ನೋಡಿ, "ಧ್ವನಿತಂತುಗಳಿಗೆ ಗಾಯ ಆಗಿದೆ. ಒಂದು ತಿಂಗಳು ಮಾತು ಬಂದ್. ಪಿಸುಮಾತೂ ಬೇಡ. ಈಗ ಬಾಯಿ ಮುಚ್ಕೊಂಡಿದ್ರೆ ನಿಮ್ಮ ದನಿ ನಿಮಗೆ ವಾಪಸ್ ಬರತ್ತೆ, ಇಲ್ಲಾಂದ್ರೆ ಮತ್ತೆ ಆ ದನಿ ಆಸೆ ಬಿಟ್ಬಿಡಿ" ಎಂದರು.

ಮನೆಗೆ ಬಂದು ಅತ್ತೆಗೆ ನಾನೇ ತಿಳಿಸಿದೆ. ಅವರು, "ತಿಂಗಳು ತಾನೇ? ಬಸುರಲ್ಲಿ ಒಂಬತ್ತು ತಿಂಗಳು ಮಾತೇ ಆಡಿರ್ಲಿಲ್ಲ ಇವನು. ಕಾಯ್ತೀನಿ ಬಿಡು" ಎಂದರು. ಅಷ್ಟು ಹೇಳಿ ಮಗನ ಕೈ ಹುಡುಕಿಕೊಂಡರು. ಅಂದಿನಿಂದ ಇವರು ಸಂಜೆ ಬಂದು ಅಮ್ಮನ ಭುಜ ತಟ್ಟುವುದು, ಅವರು ಆ ಕೈಯ ಮೇಲೆ ತಮ್ಮ ಕೈಯಿಡುವುದು. ಅಷ್ಟೇ.

ಲಾಂಡ್ರಿಯ ಸೂಪರ್‌ವೈಸರ್ ಇದ್ದಾರಲ್ಲ, ಅವರನ್ನು ಎಲ್ಲರೂ ಸರಿಸರಿ ಸಾಹೇಬರು ಎನ್ನುತ್ತಾರೆ. ಏನು ಹೇಳಿದರೂ "ಸರಿ ಸರಿ" ಎನ್ನುವ ಮನುಷ್ಯ. ಅವರು ಒಂದು ವಾರ ರಜೆ ಕೊಟ್ಟರು. ಆಮೇಲೆ ಕೆಲಸಕ್ಕೆ ಬರಬೇಕು, ಇಲ್ಲವೇ ಕೀಲಿ ಒಪ್ಪಿಸಬೇಕು. ನಾನು ನೇರ ಅವರ ಟೇಬಲ್ಲಿನ ಎದುರು ಹೋಗಿ ನಿಂತೆ.

"ಸಾಹೇಬ್ರೇ, ಇವರಿಗೆ ಕೈ ನೆಟ್ಟಗಿದೆ, ಕಾಲು ನೆಟ್ಟಗಿದೆ, ಕಣ್ಣು ನೆಟ್ಟಗಿದೆ. ಗಾಡಿ ಓಡ್ಸೋದು ಗಂಟಲಿಂದಾನಾ? ಒಂದು ಬಟನ್ ಇಡಿಸಿ, ಒತ್ತಿ ಉತ್ತರ ಕೊಡ್ತಾರೆ. ಒಂದೇ ತಿಂಗಳು."

"ಸರಿ ಸರಿ, ಆದ್ರೆ ಬಟನ್ ಒತ್ತಿದ್ರೆ ಕೈ ಸ್ಟೀರಿಂಗ್ ಬಿಡತ್ತಲ್ಲಮ್ಮಾ. ಅಪಾಯ."

"ಗಾಡಿ ನಿಲ್ಸಿ ಒತ್ತಲಿ!"

"ನಿಲ್ಸಿದ್ರೆ ಲೇಟ್ ಆಗತ್ತಲ್ಲಮ್ಮಾ."

ಬಂತಾ ನಿಜ ಹೊರಗೆ! ಅಪಾಯವಂತೆ, ಕ್ಷೇಮವಂತೆ. ಎಲ್ಲ ಬರೀ ಬೊಗಳೆ. ನನಗೆ ಆ ಟೇಬಲ್ಲನ್ನೇ ಮಗುಚಿ ಹಾಕುವಷ್ಟು ಸಿಟ್ಟು ಬಂತು. "ಹಾಗಾದ್ರೆ ನಾನೇ ಗಾಡೀಲಿ ಕೂತ್ಕೊಂಡು ನಿಮ್ಮ ಪೆಟ್ಟಿಗೆಗೆ ಉತ್ತರ ಕೊಡ್ತೀನಿ, ಆಗತ್ತಾ?" ಎಂದು ಕೇಳಿದೆ. ಕೇಳಿದ್ದು ಸಿಟ್ಟಿಗೆ. ಸಾಹೇಬರು ಆ ಕಡೆ ಈ ಕಡೆ ನೋಡಿ, "ಸರಿ ಸರಿ, ಯಾರಿಗೂ ಹೇಳ್ಬೇಡಿ" ಎಂದುಬಿಟ್ಟರು. ಪೆಟ್ಟಿಗೆ ಡ್ರೈವರ್ ದನಿ ಗುರುತು ಹಿಡಿದರೆ ಮಾತ್ರ ಕೆಲಸ ಶುರುಮಾಡುತ್ತದೆ. ಆದ್ದರಿಂದ ಇವರ ದನಿ ಅಳಿಸಿ ನನ್ನ ದನಿ ಹಾಕಿಸಿಕೊಟ್ಟರು.

ನಾನು ಮನೆಯಲ್ಲಿ ಹೊಲಿಗೆ ಮಾಡುವವಳು. ಒಪ್ಪಿಕೊಂಡಿದ್ದ ಬಟ್ಟೆಗಳನ್ನೆಲ್ಲ ಬದಿಗಿಟ್ಟು, ಅತ್ತೆಗೆ ಊಟ ಕೈಗೆಟುಕುವ ಹಾಗೆ ಮುಚ್ಚಿಟ್ಟು, ಗಂಡನ ಪಕ್ಕ ವ್ಯಾನಿನಲ್ಲಿ ಕೂತೆ. ಮೊದಲ ದಿನವೇ ಪೆಟ್ಟಿಗೆಗೆ ಬಾಯಿಗೆ ಬಂದ ಹಾಗೆ ಬೈದೆ. "ಕ್ಷಮಿಸಿ, ಅರ್ಥವಾಗಲಿಲ್ಲ" ಎಂದಿತು. "ಅರ್ಥ ಆಗ್ದಿದ್ರೆ ಬಿದ್ಕೋ" ಎಂದೆ. ಇವರು ಸದ್ದಿಲ್ಲದೆ ನಗುತ್ತ ಭುಜ ಕುಣಿಸಿದರು.

ನಗು ಎರಡು ದಿನ ಇತ್ತು. ಮೂರನೆಯ ದಿನ ಒಂದು ದೊಡ್ಡ ಸರ್ಕಲ್ಲಿನ ಹತ್ತಿರ ಪೆಟ್ಟಿಗೆ ಯಾವುದೋ ಲಾಡ್ಜಿನ ದೂರು ಓದುತ್ತಿತ್ತು. ನಾನು ಕೂಗಿ ಉತ್ತರ ಕೊಡುತ್ತಿದ್ದೆ, ಅದು ಇನ್ನೊಮ್ಮೆ ಹೇಳಿ ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ಇವರು ಬ್ರೇಕ್ ತುಳಿದರು. ನನ್ನ ಹಣೆ ಮುಂದಕ್ಕೆ ಬಡಿಯಿತು. ಗಾಡಿಯ ಮೂತಿಗೆ ಎರಡು ಗೇಣು ದೂರದಲ್ಲಿ ಒಬ್ಬಳು ಹೆಂಗಸು, ಸೊಂಟದಲ್ಲಿ ಮಗು. ರಸ್ತೆ ನೇರ ನನ್ನ ಎದುರಿಗಿತ್ತು, ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಆದರೂ ಅವಳನ್ನು ನಾನು ಕಂಡಿರಲಿಲ್ಲ. ಆ ಪೆಟ್ಟಿಗೆಗೆ ಉತ್ತರ ಹುಡುಕುವ ಗಡಿಬಿಡಿಯಲ್ಲಿ ನನ್ನ ಕಣ್ಣಿಗೆ ಏನೂ ಬಿದ್ದಿರಲೇ ಇಲ್ಲ. ನಾನು ಬರೀ ಕೂತವಳು. ಇವರು ಇಷ್ಟು ದಿನ ಇದನ್ನೆಲ್ಲ ಒಬ್ಬರೇ ಮಾಡುತ್ತ, ಗಾಡಿಯನ್ನೂ ಓಡಿಸುತ್ತ, ಯಾರಿಗೂ ತಾಗದ ಹಾಗೆ ಮನೆಗೆ ಬಂದಿದ್ದರು! "ತಡ ಏಕೆ?" ಎಂದು ಕೇಳಿತು ಆ ದರಿದ್ರದ್ದು.

ಆ ವಾರ ಮುಗಿಯುವ ಮೊದಲೇ ದೊಡ್ಡ ಆಫೀಸಿಗೆ ಸುದ್ದಿ ಮುಟ್ಟಿತು. ಡ್ರೈವರ್ ದನಿ ಹೆಣ್ಣಿನದು ಹೇಗಾಯಿತು ಎಂದು ಗರಿಗರಿ ಅಂಗಿಯವನು ಸಾಹೇಬರನ್ನು ಕೇಳಿದನಂತೆ. ಸಾಹೇಬರು ಅವನಿಗೂ "ಸರಿ ಸರಿ" ಎಂದರು. ನಾಳೆಯಿಂದ ಡ್ರೈವರೇ ಮಾತಾಡಬೇಕು, ಇಲ್ಲವೇ ಬೇರೆಯವರನ್ನು ನೋಡಿಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ಇವರು ಕೀಲಿ ತೆಗೆದುಕೊಂಡಾಗ ಬಾಗಿಲಿಗೆ ಅಡ್ಡ ನಿಂತೆ. "ಹಾಳಾಗಿ ಹೋಗ್ಲಿ ಆ ಕೆಲಸ. ನಾನು ಇನ್ನೆರಡು ಬಟ್ಟೆ ಹೆಚ್ಚಿಗೆ ಹೊಲೀತೀನಿ. ರೀ, ಹೋಗ್ಬೇಡಿ ರೀ" ಎಂದೆ. ಇವರು ಒಳಗಿನ ಮಂಚದ ಕಡೆ ಕೈ ತೋರಿಸಿದರು, ಕಣ್ಣಿಗೆ ಹನಿ ಬಿಡುವ ಹಾಗೆ ಬೆರಳು ಮಾಡಿದರು, ಆಮೇಲೆ ಹೊಟ್ಟೆ ಮುಟ್ಟಿಕೊಂಡರು. ಅಮ್ಮನ ಔಷಧಿ, ನಮ್ಮ ಊಟ. ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಹೋದರು. ಅವತ್ತು ನನಗೆ ಇವರ ಮೇಲೂ ಸಿಟ್ಟು ಬಂದಿತ್ತು, ಏಕೆ ಸುಳ್ಳು ಹೇಳಲಿ?

ಹೋಗಿ, ಪೆಟ್ಟಿಗೆಗೆ ಮತ್ತೆ ತಮ್ಮ ದನಿ ಹಾಕಿಸಿಕೊಂಡು ಕೂಗಿದರು. ಗಾಯದ ಮೇಲೆ ಗಾಯ. ಮನೆಯಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಅಮ್ಮನಿಗೆಂದು ಉಳಿಸುತ್ತಿದ್ದೇನೆ ಎಂದುಕೊಂಡಿದ್ದರೋ ಏನೋ. ಒಂದು ದಿನ ಪೆಟ್ಟಿಗೆಯೇ ಇವರ ದನಿ ಗುರುತು ಸಿಗಲಿಲ್ಲ ಎಂದಿತಂತೆ. ಸಾಹೇಬರು ಬಂದು, ಹಳೆಯದನ್ನು ಅಳಿಸಿ, ಹೊಸ ದನಿ ಹಾಕಿಸಿ, ಇವರು ಒಂದು ಲೋಟ ಟೀ ಕುಡಿದು ಮುಗಿಸುವುದರೊಳಗೆ ಗಾಡಿ ಹೊರಡಿಸಿದರಂತೆ. ಅಷ್ಟು ಸಲೀಸು!

ತಿಂಗಳು ಕಳೆದ ದಿನ ಅತ್ತೆ ಬೆಳಿಗ್ಗೆಯೇ ನನ್ನ ಹತ್ತಿರ ತಲೆ ಬಾಚಿಸಿಕೊಂಡರು. "ಇವತ್ತು ಮಾತಾಡ್ತಾನೆ ಅಲ್ವೇನೇ?" ಎಂದು ಮಧ್ಯಾಹ್ನದಿಂದ ಎಷ್ಟು ಸಲ ಕೇಳಿದರೋ. ಆ ಹಳೆಯ ದನಿ ಇನ್ನು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ "ಹೂಂ ಅತ್ತೆ" ಎನ್ನುತ್ತಲೇ ಇದ್ದೆ.

ಸಂಜೆ ಇವರು ಬಂದರು. ಇಷ್ಟು ದಿನ ಭುಜ ತಟ್ಟುತ್ತಿದ್ದವರು ಅವತ್ತು ತಟ್ಟಲಿಲ್ಲ. ಮಂಚದ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಸಣ್ಣಗೆ, ತಗಡು ಕೆರೆದ ಹಾಗೆ ಒಂದು ದನಿಯಲ್ಲಿ ಹೇಳಿದರು:

"ಅಮ್ಮಾ, ಹೆಂಗಿದೀಯಾ?"

ಅತ್ತೆ ಆ ದನಿ ಬಂದ ಕಡೆ ಮುಖ ತಿರುಗಿಸಿದರು. ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು, ಮಂಚದ ಪಕ್ಕದ ಕುರ್ಚಿಯನ್ನು ಕೈಯಿಂದ ತಡವಿ ತೋರಿಸಿದರು.

"ಚೆನ್ನಾಗಿದೀನಪ್ಪಾ. ಬನ್ನಿ, ಕೂತ್ಕೊಳ್ಳಿ. ನನ್ನ ಮಗ ಇನ್ನೇನು ಬಂದುಬಿಡ್ತಾನೆ."