ವಿಜಯಮ್ಮನ ಹನ್ನೊಂದು ಚಿತ್ತಾರ

ಕೊಳ್ಳೇಗಾಲದ ನೇಕಾರರ ಬೀದಿಯ ವಿಜಯಮ್ಮನಿಗೆ ನೇಯಲು ಬರುವುದಿಲ್ಲ ಎಂದರೆ ಹೊರಗಿನವರು ನಂಬುವುದಿಲ್ಲ. ಆದರೆ ಅದು ನಿಜ. ನೇಯುವವನು ಅವಳ ಗಂಡ ಶಿವಪ್ರಕಾಶ್. ಅವಳದು ಚಿತ್ತಾರ ಕಟ್ಟುವ ಕೆಲಸ. ಮರದ ಚೌಕಟ್ಟಿನಿಂದ ಇಳಿಬಿಟ್ಟ ನೂರಾರು ನೂಲುಗಳಿಗೆ ಎಣಿಕೆ ತಪ್ಪದಂತೆ ಗಂಟು ಹಾಕಬೇಕು. ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಸುಮ್ಮನಿರಬೇಕು ಎಂದು, ಮಗ್ಗಕ್ಕೆ ಏರಿಸಿದ ಮೇಲೆ, ಆ ಗಂಟುಗಳೇ ಹೇಳುತ್ತವೆ. ಒಂದು ಗಂಟು ತಪ್ಪಿದರೆ ಸೆರಗಿನ ಗಿಣಿಗೆ ಕೊಕ್ಕಿರುವುದಿಲ್ಲ. ಬೇರೆ ಮನೆಗಳಿಗೆ ಗಂಟಿನ ಬದಲು ತೂತು ಹೊಡೆದ ರಟ್ಟುಗಳು ಬಂದವು, ಆಮೇಲೆ ಕಂಪ್ಯೂಟರು ಬಂತು, ಗಂಟು ಕಟ್ಟುವವರು ಒಬ್ಬೊಬ್ಬರಾಗಿ ಕೈಬಿಟ್ಟರು. ವಿಜಯಮ್ಮ ಬಿಡಲಿಲ್ಲ. ಹನ್ನೊಂದು ಚಿತ್ತಾರಗಳು ಅವಳ ತಲೆಯಲ್ಲಿದ್ದವು. ಕಾಗದದ ಮೇಲೆ ಒಂದೂ ಇರಲಿಲ್ಲ.

ಅವಳಿಗೆ ಐವತ್ತೆಂಟು. ಹೋದ ವರ್ಷದಿಂದ ಬಲಗೈಯ ಎರಡು ಬೆರಳು ಜೋಮು ಹಿಡಿಯತೊಡಗಿದವು. ಮೈಸೂರಿನ ಡಾಕ್ಟರು ನರದ ತೊಂದರೆ ಎಂದರು, ಮಾತ್ರೆ ಬರೆದರು, ಗಂಟು ಕಟ್ಟುವುದನ್ನು ಕಡಿಮೆ ಮಾಡಿ ಎಂದರು. ಹನ್ನೊಂದರಲ್ಲಿ ಯಾವುದನ್ನು ಬಿಡಬೇಕು ಎಂದು ಮಾತ್ರ ಹೇಳಲಿಲ್ಲ. ಕಲಿಯಲು ಬೀದಿಯ ರೋಜಾ ಮತ್ತು ರಾಣಿ ತಯಾರಿದ್ದರು. ಆದರೆ ವರ್ಷವಿಡೀ ಕೂಲಿ ಬಿಟ್ಟು ಕೂತರೆ ಅವರ ಮನೆಯ ಒಲೆ ಉರಿಯಬೇಕಲ್ಲ. ಹೀಗೇ ಬಿಟ್ಟರೆ ತನ್ನ ಬೆರಳಿನ ಜೊತೆಗೆ ಹನ್ನೊಂದೂ ಹೋಗುತ್ತವೆ ಎಂದು ವಿಜಯಮ್ಮನಿಗೆ ಹೆದರಿಕೆಯಾಗಿತ್ತು.

ಅವಳ ತಂಗಿಯ ಮಗಳು ಇಂಚರ ಯಳಂದೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಅಳಿಯುತ್ತಿರುವ ಕಸುಬುಗಳನ್ನು ಉಳಿಸಲು ಅನುದಾನ ಕೊಡುವ ಹೊರದೇಶದ ಸಂಸ್ಥೆಯೊಂದನ್ನು ಹುಡುಕಿ ತೆಗೆದವಳು ಅವಳೇ. ಕಲಿಯುವ ಇಬ್ಬರಿಗೂ ಒಂದು ವರ್ಷದ ಖರ್ಚು ಅವರು ಕೊಡುತ್ತಾರೆ. ಷರತ್ತು ಎರಡು. ಕಸುಬು ಬಲ್ಲವರು ಬದುಕಿರಬೇಕು. ಕಸುಬು ಹಿರಿಯರಿಂದ ಬಂದದ್ದಾಗಿರಬೇಕು.

ಅರ್ಜಿಯಲ್ಲಿ ನಲವತ್ತಕ್ಕೂ ಹೆಚ್ಚು ಪ್ರಶ್ನೆಗಳು. ಇಂಚರ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದಾಗಿ ಕನ್ನಡದಲ್ಲಿ ಓದಿದಳು. ಈ ಕಸುಬು ನಿಂತುಹೋದರೆ ಜಗತ್ತಿಗೆ ಆಗುವ ನಷ್ಟವೇನು ಎಂಬುದೂ ಒಂದು ಪ್ರಶ್ನೆ.

"ಜಗತ್ತಿಗೇನಾದದು? ಅದ್ರ ಪಾಡಿಗೆ ಅದಿರ್ತದೆ" ಎಂದಳು ವಿಜಯಮ್ಮ.

ಇಂಚರ ಅದನ್ನು ಬಿಟ್ಟು, ತನಗೆ ತೋಚಿದ ಮುನ್ನೂರು ಪದ ತುಂಬಿದಳು. ಕಸುಬು ಬಲ್ಲವರ ಹೆಸರಿನ ಮುಂದೆ ವಿಜಯಮ್ಮ ಎಂದು ಬರೆದಳು. ಎರಡು ತಿಂಗಳಾದ ಮೇಲೆ, ಅರ್ಜಿ ಮೊದಲ ಸುತ್ತು ದಾಟಿದೆ, ವೀಡಿಯೊದಲ್ಲಿ ಮಾತಾಡಬೇಕು ಎಂದು ಮೇಲ್ ಬಂತು. ಮಾತಾಡಬೇಕಾದ ದಿನವೇ ಕಾಲೇಜಿನಲ್ಲಿ ಪರೀಕ್ಷೆ. ಇಂಚರ ಲ್ಯಾಪ್‌ಟಾಪನ್ನು ಬಿಟ್ಟು, ಯಾವ ಗುಂಡಿ ಒತ್ತಬೇಕು ಎಂದು ಹೇಳಿಕೊಟ್ಟು ಬಸ್ಸು ಹತ್ತಿದಳು.

ಎಡವಟ್ಟಾದದ್ದು ಅಲ್ಲಿ. ಆ ಬೀದಿಯಲ್ಲೊಂದು ರೂಢಿಯಿದೆ. ಸೀರೆ ನೋಡಿದವರು ಚಿತ್ತಾರ ಯಾರ ಕೈಯದು ಎಂದು ಕೇಳಿದರೆ, ಕಟ್ಟಿದವರು ತಮ್ಮ ಹೆಸರು ಹೇಳುವುದಿಲ್ಲ, ಕಲಿಸಿದ ಹಿರಿಯರ ಹೆಸರು ಹೇಳುತ್ತಾರೆ. ತನ್ನದು ಎಂದರೆ ಸೊಕ್ಕು. ಹಾಗಾಗಿ ಪರದೆಯಲ್ಲಿದ್ದ ಬಿಳಿಗೂದಲ ಮೇಡಮ್ಮು ಅದನ್ನೇ ಕೇಳಿ, ಪಕ್ಕದಲ್ಲಿದ್ದ ಹೆಂಗಸು ಕನ್ನಡಕ್ಕೆ ತಿರುಗಿಸಿದಾಗ, ವಿಜಯಮ್ಮ ಸೆರಗು ಹೊದ್ದು ವಿನಯದಿಂದ ಹೇಳಿದಳು:

"ನಂದೇನದೆ ಮೇಡಂ? ಎಲ್ಲಾ ನಮ್ಮ ಮಾವ ದೇವಣ್ಣೋರ ಕೈದು. ಅವ್ರು ತೀರ್ಕೊಂಡು ಒಂಬತ್ತು ವರ್ಸ ಆಯ್ತು. ನಾನು ಸುಮ್ನೆ ಕೈ ಆಡುಸ್ತೀನಿ ಅಷ್ಟೇಯ."

ಆ ಹೆಂಗಸು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು. ಮೇಡಮ್ಮು ಬರೆದುಕೊಂಡರು. ಚೆನ್ನಾಗಿ ಮಾತಾಡಿದೆ ಎಂದುಕೊಂಡು ವಿಜಯಮ್ಮ ಎದ್ದು ಸಾರಿಗೆ ಒಗ್ಗರಣೆ ಹಾಕಿದಳು.

ಹದಿನೈದು ದಿನಕ್ಕೆ ಪತ್ರ ಬಂತು. ಇಂಚರ ಚಪ್ಪಲಿಯನ್ನೂ ಬಿಡದೆ ಓದಿದಳು. ನಿಮ್ಮ ಮಾತಿನ ಪ್ರಕಾರ ಈ ಕಸುಬು ಬಲ್ಲವರು ತೀರಿಕೊಂಡಿದ್ದಾರೆ. ಈಗಿರುವವರು ಅವರ ಸಹಾಯಕರು ಮಾತ್ರ. ಆದ್ದರಿಂದ ಉಳಿಸಲು ಇಲ್ಲಿ ಯಾರೂ ಇಲ್ಲ. ಬೇರೆ ವಿವರಣೆ ಇದ್ದರೆ ಎರಡು ವಾರದೊಳಗೆ ವೀಡಿಯೊದಲ್ಲಿ ಕಳಿಸಬಹುದು.

ವಿಜಯಮ್ಮನಿಗೆ ಮೊದಲು ನಗು ಬಂತು. ಆಮೇಲೆ ಕೋಪ ಬಂತು, ಕಿವಿ ಬಿಸಿಯಾಗುವಷ್ಟು. ದೊಡ್ಡವರ ಹೆಸರು ಹೇಳಿದ್ದು ಮರ್ಯಾದೆಗೆ. ಅಷ್ಟಕ್ಕೆ ತಾನು ಯಾರೂ ಅಲ್ಲ ಎಂದು ಬರೆದು ಕಳಿಸುವುದೇ?

"ಅವ್ರಿಗೆ ಗೊತ್ತಿದ್ದದ್ದು ನಾಕೇ ಕಣೇ" ಎಂದಳು.

"ಯಾರಿಗೆ ದೊಡ್ಡಮ್ಮ?"

"ನಮ್ಮ ಮಾವಂಗೆ. ಅವ್ರು ಕಲ್ಸಿದ್ದು ನಾಕು. ಮಿಕ್ಕಿದ್ ಏಳೂ ನಾನೇ ಯೋಚ್ನೆ ಮಾಡಿ ಕಟ್ಟುದ್ದು. ರಾಗಿತೆನೆ ಅಜ್ಜೀಪುರದ ಒಲದಲ್ಲಿ ನೋಡಿದ್ದು. ಮಿಂಚುಳ್ಳಿ, ಯಳಂದೂರ ಕೆರೆ ಏರಿ ಮ್ಯಾಲೆ ಬಸ್ಸು ಕೆಟ್ಟು ನಿಂತಿದ್ದಾಗ ನೋಡಿದ್ದು."

ಇಂಚರ ಪತ್ರವನ್ನು ಇನ್ನೊಮ್ಮೆ ಓದಿದಳು. ಆಮೇಲೆ ಲೋಕಜ್ಞಾನ ಉಳ್ಳವಳಂತೆ ಮಾತಾಡಿದಳು. "ಆ ಏಳು ನಿಂದೇ ಅಂದ್ರೆ ಹಿರಿಯರಿಂದ ಬಂದದ್ದಲ್ಲ ಅಂತ ತೆಗೆದಾಕ್ತಾರೆ. ಹನ್ನೊಂದನ್ನೂ ದೇವಣ್ಣ ತಾತನೇ ಕಲ್ಸಿದ್ರು, ನಂಗೆ ಎಲ್ಲಾ ಬರ್ತದೆ ಅಂದ್ಬುಡು. ಎಲ್ಲಾ ಉಳ್ಕತವೆ."

ಸುಲಭದ ದಾರಿಯೇ. ವಿಜಯಮ್ಮ ಎರಡು ದಿನ ಅದನ್ನೇ ಯೋಚಿಸಿದಳು. ನಲವತ್ತು ವರ್ಷ ಹೇಳಿಕೊಂಡು ಬಂದ ಮಾತನ್ನು ಇನ್ನೊಂದು ಸಲ ಹೇಳಿದರೆ ನಾಲಿಗೆಯೇನೂ ಸವೆಯುವುದಿಲ್ಲ. ಅವಳಿಗೆ ಗಂಡನ ಯೋಚನೆಯೂ ಇತ್ತು; ಆ ಏಳು ತನ್ನವು ಎಂದು ಅವನಿಗೂ ಹೇಳಿರಲಿಲ್ಲ. ಮಿಂಚುಳ್ಳಿ ಸೀರೆ ತೋರಿಸುವಾಗಲೆಲ್ಲ ಶಿವಪ್ರಕಾಶ್, ಅಪ್ಪ ಕಾವೇರಿ ದಡದಲ್ಲಿ ಹಕ್ಕಿಯನ್ನು ನೋಡಿ ಕಟ್ಟಿದ್ದು ಎಂದು ಕಥೆ ಹೇಳುತ್ತಿದ್ದ. ಆ ಕಥೆ ಅವನದೇ, ಯಾರೂ ಹೇಳಿಕೊಟ್ಟದ್ದಲ್ಲ. ಹನೂರಿನ ವ್ಯಾಪಾರಿ ಶಿವಮಲ್ಲಪ್ಪ ಅದನ್ನು ಕೇಳಿಯೇ ಮಗಳ ಧಾರೆಗೆ ಆ ಸೀರೆ ಕೊಂಡಿದ್ದ.

ಮೂರನೆಯ ದಿನ ಇಂಚರ ಮೊಬೈಲ್ ಹಿಡಿದಳು. ವಿಜಯಮ್ಮ ಜಗಲಿಯ ಮೇಲೆ ನೂಲುಗಳ ಮುಂದೆ ಕೂತು, ಗಂಟು ಹಾಕುತ್ತಲೇ ಮಾತಾಡಿದಳು.

"ನನ್ ಎಸ್ರು ವಿಜಯಮ್ಮ. ಹನ್ನೊಂದು ಚಿತ್ತಾರ ನಂಗೆ ಬತ್ತವೆ. ನಾಕು ನಮ್ಮ ಮಾವನೋರ್ದು. ಏಳು ನಂದು."

ಒಳಗೆ ಮಗ್ಗದ ಸದ್ದು ನಿಂತಿತು. ಶಿವಪ್ರಕಾಶ್ ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಯಿಂದ ಎದ್ದು ಬಂದ.

"ಮಿಂಚುಳ್ಳಿ?" ಎಂದು ಕೇಳಿದ.

"ಅದೂ ನಂದೇಯ."

ಅವನು ಗೂಟದಲ್ಲಿದ್ದ ಅಂಗಿ ತೊಟ್ಟು ಹೊರಗೆ ಹೋದ. ಸಂಜೆ ಬಂದ, ಊಟ ಮಾಡಿದ, ಆ ವಿಷಯ ಎತ್ತಲಿಲ್ಲ. ಮುಂದೆಯೂ ಎತ್ತಲಿಲ್ಲ. ಗಿರಾಕಿಗಳಿಗೆ ಕಾವೇರಿ ದಡದ ಕಥೆ ಹೇಳುವುದನ್ನು ಮಾತ್ರ ಬಿಟ್ಟ. ವಿಜಯಮ್ಮನಿಗೆ ಸಂಕಟವಾಯಿತು, ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ.

ಸಂಸ್ಥೆಯವರು ನಾಲ್ಕು ಚಿತ್ತಾರಗಳಿಗೆ ಅನುದಾನ ಮಂಜೂರು ಮಾಡಿದರು. ಉಳಿದ ಏಳು ಬಹಳ ಸೊಗಸಾಗಿವೆ, ಆದರೆ ಹೊಸವು, ನಿಯಮಕ್ಕೆ ಒಳಪಡುವುದಿಲ್ಲ ಎಂದು ಬರೆದಿದ್ದರು. ಇಂಚರ ಗೊಣಗಿದಳು. ರೋಜಾ, ರಾಣಿ ದಿನಾ ಬೆಳಿಗ್ಗೆ ಬಂದು ಆ ನಾಲ್ಕನ್ನು ಕಲಿಯತೊಡಗಿದರು. ಮಧ್ಯಾಹ್ನದ ಹೊತ್ತಿಗೆ ವಿಜಯಮ್ಮನ ಬೆರಳು ಜೋಮು ಹಿಡಿಯುತ್ತಿತ್ತು. ಉಳಿದ ಏಳಕ್ಕೆ ಅವಳಲ್ಲಿ ಶಕ್ತಿಯೂ ಇರಲಿಲ್ಲ, ಕಲಿಯುವವರೂ ಇರಲಿಲ್ಲ.

ಒಂದು ಮಧ್ಯಾಹ್ನ ಹುಡುಗಿಯರು ಹೋದ ಮೇಲೆ ಶಿವಪ್ರಕಾಶ್ ಮಗ್ಗದಿಂದ ಎದ್ದು ಬಂದು ರಾಣಿ ಕೂರುವ ಚಾಪೆಯ ಮೇಲೆ ಕೂತ.

"ಆ ಏಳಕ್ಕೆ ಅವ್ರು ಕೊಡಾಕಿಲ್ವಂತೆ?"

"ಇಲ್ವಂತೆ."

"ನಂಗೆ ಯಾರೂ ಏನೂ ಕೊಡದ್ ಬ್ಯಾಡ. ಕಲ್ಸು."

ನಲವತ್ತು ವರ್ಷದಲ್ಲಿ ಕಾಫಿಯ ಹೊರತು ಅವನು ಅವಳನ್ನು ಏನನ್ನೂ ಕೇಳಿದ್ದಿಲ್ಲ. ವಿಜಯಮ್ಮನಿಗೆ ನಾಚಿಕೆಯಾಯಿತು, ಸಂತೋಷವೂ ಆಯಿತು, ಇಷ್ಟು ತಡವಾಗಿ ಕೇಳಿದನಲ್ಲ ಎಂದು ಸಿಟ್ಟೂ ಬಂತು. ಮಿಂಚುಳ್ಳಿಯ ನೂಲುಗಳನ್ನು ಅವನ ಮುಂದೆ ಇಳಿಬಿಟ್ಟಳು, ಎಣಿಕೆ ಹೇಳಿದಳು. ಅವನು ಕಟ್ಟತೊಡಗಿದ. ದಪ್ಪ ಬೆರಳು, ನಿಧಾನ. ಹತ್ತೊಂಬತ್ತನೆಯ ಗಂಟಿಗೆ ಎಣಿಕೆ ಜಾರಿತು. ಅವನಿಗೆ ಅದು ಗೊತ್ತಾಗಲಿಲ್ಲ, ಮುಂದಿನ ನೂಲಿಗೆ ಕೈ ಹಾಕಿದ.

"ತಪ್ಪು" ಎಂದಳು ವಿಜಯಮ್ಮ. "ಎಲ್ಲಾ ಬಿಚ್ಚಿ. ಮೊದ್ಲಿಂದ ಕಟ್ಟಿ."

ಶಿವಪ್ರಕಾಶ್ ಬಿಚ್ಚಿದ.