ಹಂಪ್ ಬಂತು, ಇಳೀರಿ

ನಮ್ಮ ಕಾರಿನಲ್ಲಿ ಸಿಂಧನೂರಿನಿಂದ ಮಸ್ಕಿಗೆ ಹೋಗುವುದೆಂದರೆ ನನ್ನ ಹೆಂಡತಿ ಪಾರ್ವತಿಗೆ ಅರ್ಧ ಪಾದಯಾತ್ರೆ. ಕಾರು ಸಣ್ಣದಲ್ಲ. ಜರ್ಮನಿಯದು, ಕಪ್ಪು ಬಣ್ಣದ್ದು, ಒಳಗೆ ಚರ್ಮದ ಸೀಟು, ಮುಂದೆ ಒಂದು ಸಣ್ಣ ಅಕ್ಕಿ ಗಿರಣಿಯನ್ನೇ ನಡೆಸಬಲ್ಲಂಥ ಎಂಜಿನ್ನು. ಆದರೆ ಅದರ ಹೊಟ್ಟೆ ನೆಲಕ್ಕೆ ಎಷ್ಟು ಹತ್ತಿರವೆಂದರೆ, ರಸ್ತೆಯಲ್ಲಿ ಹಂಪ್ ಬಂದಾಗಲೆಲ್ಲ ಒಳಗಿದ್ದವರು ಇಳಿದು ಭಾರ ಕಡಿಮೆ ಮಾಡಬೇಕು. ನಾನು ಕಾರನ್ನು ಓರೆ ಮಾಡಿ ಒಂದೊಂದೇ ಗಾಲಿ ಹತ್ತಿಸಿ ಇಳಿಸುವಷ್ಟರಲ್ಲಿ ಪಾರ್ವತಿ ಸೀರೆಯ ನೆರಿಗೆ ಹಿಡಿದು ನಡೆದು ಆಚೆ ನಿಂತಿರುತ್ತಾಳೆ. ಹಿಂದೆ ಬಂಡಿ ದಿಬ್ಬ ಏರುವಾಗ ಎತ್ತುಗಳ ಮೇಲಿನ ಕರುಣೆಯಿಂದ ಜನ ಇಳಿದು ನಡೆಯುತ್ತಿದ್ದರು. ಆ ಮರ್ಯಾದೆಯನ್ನು ನಾವು ಈಗ ಜರ್ಮನಿಗೆ ಸಲ್ಲಿಸುತ್ತಿದ್ದೇವೆ.

ಒಮ್ಮೆ ಹೀಗೆ ಇಳಿದು ನಡೆಯುತ್ತಿದ್ದಾಗ ಬೈಕಿನಲ್ಲಿ ಬಂದ ಅವಳ ಹಳೆಯ ಶಿಷ್ಯನೊಬ್ಬ ನಿಂತು ಕೇಳಿದ: "ಏನ್ ಟೀಚರ್ರೀ, ಇಷ್ಟ್ ದೊಡ್ಡ ಕಾರ್ ತಗೊಂಡ್ರೂ ನಡಿಯೋದು ತಪ್ಪಲಿಲ್ಲಲ್ರಿ?"

"ಕಾರಿಗೆ ನಾ ಭಾರ ಆಗೀನಪ್ಪಾ," ಎಂದಳು ಪಾರ್ವತಿ. "ನಿಮ್ಮ ಸರ್‌ಗ ಇನ್ನೂ ಆಗಿಲ್ಲ, ಅದ ಪುಣ್ಯ."

ಮೊದಲು ಘಟನೆ, ಆಮೇಲೆ ಅಭಿಪ್ರಾಯ ಎಂಬುದು ಸುದ್ದಿಮನೆ ನನಗೆ ಕಲಿಸಿದ ಕ್ರಮ. ಆದ್ದರಿಂದ ಘಟನೆಯನ್ನೇ ಹೇಳುತ್ತೇನೆ. ಹೊಸದಾಗಿ ವರದಿಗಾರನಾಗಿದ್ದ ಕಾಲ. ಬೇಸಿಗೆಯ ಮಧ್ಯಾಹ್ನ ಮಸ್ಕಿಯ ಬಸ್ ನಿಲ್ದಾಣದ ಎದುರು ರಸ್ತೆಯ ಬದಿಯಲ್ಲಿ ನಿಂತಿದ್ದೆ. ಕೈಯಲ್ಲಿ ಸುದ್ದಿಯ ಲಕೋಟೆ. ಅದನ್ನು ರಾಯಚೂರಿನ ಬಸ್ಸಿನ ಕಂಡಕ್ಟರನಿಗೆ ಕೊಟ್ಟರೆ ನನ್ನ ದಿನ ಮುಗಿಯಿತು. ಆಗ ಲಿಂಗಸುಗೂರಿನ ಕಡೆಯಿಂದ ಉದ್ದನೆಯ ಕಪ್ಪು ಕಾರೊಂದು ಬಂತು. ಯಾರದೋ, ಎಲ್ಲಿಗೋ. ಅದು ನನ್ನನ್ನು ದಾಟಿದ ಮೇಲೆ ಅದರ ದನಿ ಬಂತು. ಅಬ್ಬರವಿಲ್ಲ. ಭಜನೆ ಮುಗಿದ ಮೇಲೂ ಏಕತಾರಿಯ ತಂತಿ ತನ್ನಷ್ಟಕ್ಕೆ ಮಿಡಿಯುತ್ತ ಇರುತ್ತದಲ್ಲ, ಅಂಥ ತಗ್ಗಿನ ದನಿ. ಎದೆಯಲ್ಲಿ ಒಂದು ಕ್ಷಣ ನಿಂತು ಹೋಯಿತು. ಅದನ್ನೇ ನೋಡುತ್ತ ನಿಂತು ರಾಯಚೂರಿನ ಬಸ್ಸು ತಪ್ಪಿಸಿಕೊಂಡೆ. ಸುದ್ದಿ ಮರುದಿನ ಬರಲಿಲ್ಲ. ಅದು ಏನು ಸುದ್ದಿಯೆಂದು ಈಗ ನೆನಪಿಲ್ಲ. ಆ ದನಿ ನೆನಪಿದೆ.

ಆಮೇಲಿನ ನನ್ನ ಕೆಲಸದ ಬದುಕೆಲ್ಲ ಬಸ್ಸಿನಲ್ಲಿ, ಭತ್ತದ ಲಾರಿಗಳಲ್ಲಿ, ಯಾರದೋ ಬೈಕಿನ ಹಿಂದೆ ಕಳೆಯಿತು. ಪಾರ್ವತಿ ತುರ್ವಿಹಾಳದ ಶಾಲೆಗೆ ತನ್ನ ಪುಟ್ಟ ಕಾರನ್ನು ತಾನೇ ಓಡಿಸಿಕೊಂಡು ಹೋಗುತ್ತಿದ್ದಳು. ಅದರಲ್ಲಿ ಕೂತಾಗಲೂ ಕಿಟಕಿಯಾಚೆ ಕಿವಿ ಕೊಟ್ಟಿರುತ್ತಿದ್ದೆ. ನಿವೃತ್ತಿಯಾದ ವರ್ಷ, ಸಾಲಗುಂದದ ಹತ್ತಿರದ ಕ್ಯಾಂಪಿನಲ್ಲಿರುವ ಗಿರಣಿ ಮಾಲೀಕ ಸತ್ಯಂ ತಮ್ಮ ಜರ್ಮನ್ ಕಾರನ್ನು ಮಾರುತ್ತಾರೆಂದು ತಿಳಿಯಿತು. ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದು ನೆಲೆಸಿದ ಮನೆತನ ಅವರದು. ಯಾಕೆ ಮಾರುತ್ತೀರೆಂದು ಮೂಲವನ್ನೇ ವಿಚಾರಿಸಿದೆ.

"ಕೂಡೋದು ಸುಲಭಂ ಅಣ್ಣಾ," ಎಂದರು ಸತ್ಯಂ, ಸೊಂಟದ ಮೇಲೆ ಕೈಯಿಟ್ಟು. "ಏಳೋದಿಕ್ಕೆ ಇಬ್ಬರು ಹಮಾಲರು ಬೇಕು."

ಬೆಲೆ ಎಷ್ಟೆಂದು ಹೇಳುವುದಿಲ್ಲ. ಪತ್ರಕರ್ತನಿಗೆ ಕೆಲವು ಸಂಗತಿಗಳನ್ನು ಗೋಪ್ಯವಾಗಿಡುವ ಹಕ್ಕಿದೆ. ಪಾರ್ವತಿ ಮಾತ್ರ ಕಾರಿನ ಸುತ್ತ ಒಂದು ಸುತ್ತು ಬಂದು, "ನಾ ಇದನ್ನ ಮುಟ್ಟಂಗಿಲ್ಲ. ಇದು ನಿಮ್ಮ ಹಂಬಲ, ನೀವ ಹೊಡ್ಕೊಳ್ರಿ," ಎಂದಳು.

ಕೊಂಡ ಮೇಲೆ ಗೊತ್ತಾಯಿತು, ಭತ್ತದ ಸೀಮೆಯಲ್ಲಿ ಈ ಕಾರನ್ನು ಸಾಕುವುದು ಸುಲಭವಲ್ಲ. ಬೆಳಿಗ್ಗೆ ಒರೆಸಿದರೆ ಸಂಜೆಗೆ ಗಿರಣಿಗಳ ಹೊಟ್ಟಿನ ಬೂದಿ ಅದರ ಮೇಲೆ ಕೂತಿರುತ್ತದೆ. ಇಲಿಗಳಿಗಂತೂ ಬಾನೆಟ್ಟಿನ ಒಳಗೆ ಬೆಚ್ಚನೆಯ ಗುಡಾಣ ಸಿಕ್ಕಂತಾಯಿತು. ಒಂದು ದಿನ ಬಾನೆಟ್ ಎತ್ತಿದರೆ ಎಂಜಿನ್ನಿನ ಸಂದಿಯಲ್ಲಿ ಸೋನಾ ಮಸೂರಿ ಭತ್ತದ ದಾಸ್ತಾನು. ಪಕ್ಕದಲ್ಲಿ ಕಡಿದ ವೈರುಗಳು. ಬಿಡಿಭಾಗ ಬೇಕೆಂದರೆ ಹೈದರಾಬಾದಿಗೆ ಫೋನು ಮಾಡಬೇಕು. ಅದು ಬಸ್ಸಿನ ಮೇಲೆ ಕೋಳಿಮರಿಗಳ ಬುಟ್ಟಿಯ ಜೊತೆ ಬರುತ್ತದೆ. ಹಟ್ಟಿಯ ಗಣಿಯಲ್ಲಿ ಲಾರಿಗಟ್ಟಲೆ ಕಲ್ಲು ಪುಡಿ ಮಾಡಿ ಚಿಟಿಕೆ ಚಿನ್ನ ತೆಗೆಯುತ್ತಾರೆ. ನನ್ನ ಕಾರು ಹಾಕಿಸಿಕೊಂಡ ಪೆಟ್ರೋಲಿಗೂ ಓಡಿದ ದೂರಕ್ಕೂ ಸುಮಾರು ಅದೇ ಸಂಬಂಧ.

ಇದರ ವೈದ್ಯ ಖಾಸಿಂಸಾಬ. ಅವನ ನಿಜವಾದ ಕಸುಬು ಟ್ರ್ಯಾಕ್ಟರು. ಮೊದಲ ಸಲ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡಾಗ ಅವನು ಬಹಳ ಹೊತ್ತು ನೋಡಿ, ಏನೇನೋ ಬಿಚ್ಚಿ ಜೋಡಿಸಿ, ಕೊನೆಗೆ ಕಪ್ಪು ಟೇಪಿನ ತುಂಡು ಹರಿದು ದೀಪದ ಮೇಲೆ ಅಂಟಿಸಿದ.

"ಈಗ ನೋಡ್ರಿ ಸಾಬ್. ದೀಪಾನೂ ಇಲ್ಲ, ಫಿಕರೂ ಇಲ್ಲ."

ನಾನು ಪ್ರತಿಭಟಿಸಲಿಲ್ಲ. ಸುದ್ದಿಮನೆಯಲ್ಲಿ ಎಷ್ಟೋ ಸುದ್ದಿಗಳು ಹೀಗೆ ಶಾಂತವಾದದ್ದನ್ನು ಕಂಡಿದ್ದೇನೆ. ಖಾಸಿಂಸಾಬ ಒಂದೇ ಎಚ್ಚರಿಕೆ ಹೇಳಿದ: "ಗಾಡಿ ನಾಜೂಕ್ ಐತಿ. ಹೊಟ್ಟಿ ಕೆಳಗ ಭಾರಿ ಬಿಸಿ ಇರ್ತೈತಿ. ಹುಲ್ಲು ಗಿಲ್ಲು ಸಿಗಸಬ್ಯಾಡ್ರಿ."

ಇಷ್ಟೆಲ್ಲ ತಾಳಿಕೊಂಡದ್ದು ಆ ದನಿಗಾಗಿ. ಕಾರನ್ನು ಒಮ್ಮೆ ಅದರ ನಿಜವಾದ ಓಟದಲ್ಲಿ ಓಡಿಸಬೇಕು, ಮಸ್ಕಿಯ ಆ ಮಧ್ಯಾಹ್ನದ ದನಿಯನ್ನು ಮತ್ತೆ ಕೇಳಬೇಕು. ಆದರೆ ಓಡಿಸುವುದೆಲ್ಲಿ? ಗದ್ದೆಯ ಕಡೆ ಕಬ್ಬಿಣದ ಗಾಲಿಯ ಟ್ರ್ಯಾಕ್ಟರುಗಳು ರಸ್ತೆಯನ್ನೇ ಉತ್ತಿರುತ್ತವೆ. ಉಳಿದ ಕಡೆ ಹಂಪುಗಳು. ಈ ಹಂಪುಗಳ ಬಗ್ಗೆ ನಾನು ಬಾಯಿ ಬಿಡುವಂತಿಲ್ಲ. ಯಾಕೆಂದರೆ ಅವುಗಳಲ್ಲಿ ಬಹಳಷ್ಟನ್ನು ಹಾಕಿಸಿದವನು ನಾನೇ. 'ರಸ್ತೆ ಉಬ್ಬು ನಿರ್ಮಾಣಕ್ಕೆ ಗ್ರಾಮಸ್ಥರ ಒತ್ತಾಯ' ಎಂಬ ಶೀರ್ಷಿಕೆಯನ್ನು ನಾನು ಎಷ್ಟು ಸಲ ಬರೆದಿದ್ದೇನೆಂದರೆ, ನಿದ್ದೆಯಲ್ಲಿ ಕೇಳಿದರೂ ತಪ್ಪಿಲ್ಲದೆ ಹೇಳಬಲ್ಲೆ. ಬಳಗಾನೂರಿನ ದಾರಿಯಲ್ಲಿ ಕುರಿ ಸತ್ತರೆ ಬರೆದೆ. ಶಾಲೆಯ ಮುಂದೆ ಲಾರಿ ಜೋರಾಗಿ ಹೋದರೆ ಬರೆದೆ. ಅಧಿಕಾರಿಗಳು ನನ್ನ ಬೇರೆ ಯಾವ ವರದಿಗೂ ಇಷ್ಟು ಚುರುಕಾಗಿ ಸ್ಪಂದಿಸಲಿಲ್ಲ. ಮಸ್ಕಿಯಲ್ಲಿ ಅಶೋಕನ ಹೆಸರು ಹೊತ್ತ ಬಂಡೆಯಿದೆ. ಆ ದೊರೆ ರಸ್ತೆಯ ಬದಿಗೆ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎಂದು ಬೇರೆ ಕಡೆ ಕೆತ್ತಿಸಿದ್ದಾನೆ. ಮರಗಳು ಹೋದವು, ಬಾವಿಗಳು ಮುಚ್ಚಿದವು. ನನ್ನ ಹಂಪುಗಳು ಮಾತ್ರ ಗಟ್ಟಿಯಾಗಿ ಕೂತಿವೆ.

ಉಳಿದದ್ದು ಒಂದೇ ಜಾಗ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೊರಟರೆ ಗದ್ದೆ ಮುಗಿದು ಒಣಭೂಮಿ ಶುರುವಾಗುತ್ತದೆ. ಅಲ್ಲಿ ದಾರ ಹಿಡಿದು ಎಳೆದಂಥ ನೇರ ರಸ್ತೆ. ಅದರ ಸರಿಯಾದ ನಡುವೆ ಒಂದು ಹಂಪು, ಅದೂ ನನ್ನದೇ. ಹಂಪಿನ ಪಕ್ಕ ಹುಲಿಗೆಮ್ಮ ಬುಟ್ಟಿಯಿಟ್ಟು ಕಾಲಕ್ಕೆ ತಕ್ಕಂತೆ ಸೀತಾಫಲವೋ ಕುದಿಸಿದ ಶೇಂಗಾವೋ ಮಾರುತ್ತಾಳೆ. ಗಾಡಿಗಳು ನಿಧಾನವಾದರೆ ತಾನೆ ಯಾರಾದರೂ ಬುಟ್ಟಿ ನೋಡುವುದು? ಅವಳು ಎಡಗಾಲು ಎಳೆದು ನಡೆಯುತ್ತಾಳೆ. ಹತ್ತಿ ಬಿಡಿಸಲು ರಸ್ತೆ ದಾಟುವಾಗ ಬೈಕು ಬಡಿದದ್ದು. ಆಗ ನಾನು 'ಮಹಿಳೆಗೆ ಗಾಯ' ಎಂದು ಬರೆದು ಈ ಹಂಪು ಹಾಕಿಸಿದ್ದೆ, ವರದಿಯಲ್ಲಿ ಹೆಸರು ಬಿಟ್ಟುಹೋಗಿತ್ತು. ಆ ಮಹಿಳೆ ಹುಲಿಗೆಮ್ಮ ಎಂದು ತಿಳಿದದ್ದು ಪಾರ್ವತಿ ಹಂಪಿನಲ್ಲಿ ಇಳಿದಿಳಿದು ಅವಳ ಗೆಳತಿಯಾದ ಮೇಲೆ.

"ಈ ಹಂಪ್ ಯಾವನೋ ಪೇಪರಿನಂವ ಬರದು ಹಾಕ್ಸ್ಯಾನಂತ್ರಿ ಅಕ್ಕಾರ," ಎಂದು ಅವಳು ನನ್ನೆದುರೇ ಹೇಳಿದ್ದಳು. "ನನಗರ ಅನ್ನ ಹಾಕೇತಿ. ಲಾರಿಯವ್ರು ಮಾತ್ರ ದಿನಾ ಅವನ ಮನಿತನಾನ ಎತ್ತಿ ಬೈತಾರ್ರಿ."

ಪಾರ್ವತಿ ನನ್ನ ಕಡೆ ನೋಡಿದಳು. ನಾನು ಶೇಂಗಾ ಸುಲಿಯುತ್ತಿದ್ದೆ. ನಮ್ಮ ಕಾಲದಲ್ಲಿ ವರದಿಗಳ ಮೇಲೆ ಹೆಸರು ಹಾಕುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ಆ ರಸ್ತೆಗೆ ಹೊಸ ಡಾಂಬರು ಹಾಕುವ ಕೆಲಸ ಬಂತು. ಗುತ್ತಿಗೆದಾರ ಅಮರೇಗೌಡ ನನಗೆ ಹಳೆಯ ಪರಿಚಯ. ಅವನ ರಸ್ತೆಗಳ ತಗ್ಗುಗಳ ಬಗ್ಗೆ ಬರೆದೇ ಪರಿಚಯವಾದದ್ದು. ಒಂದು ಸಂಜೆ ಫೋನು ಮಾಡಿದ.

"ಸರ, ಡಾಂಬರು ಮುಗೀತು. ಹಳೇ ಹಂಪ್ ಕಿತ್ತೀನಿ. ಹೊಸಾದು ಹಾಕೋದು ವಾರ ಬಿಟ್ಟು. ಅಷ್ಟ್ರಾಗ ನಿಮ್ಮ ಕುದುರಿ ತಂದು ಓಡಿಸ್ಕೊಂಡ್ ಹೋಗ್ರಿ." ಸ್ವಲ್ಪ ತಡೆದು, ದನಿ ತಗ್ಗಿಸಿ, "ನೀವು ಹ್ಞೂಂ ಅಂದ್ರ ಹಾಕೋದನ್ನ ಮರತಬಿಡ್ತೀನ್ರಿ. ಮತ್ತ ಕೇಳಾಕ ಯಾರ್ ಅದಾರ? ಪೇಪರಿನಾಗ ಬರ್ಯಾಂವ್ರು ನೀವೊಬ್ರು ಇದ್ರಿ."

ಬೇಡ ಎನ್ನುವುದು ಸುಲಭವಿತ್ತು. ನಾನು, "ನೋಡಿ ಹೇಳ್ತೀನಿ," ಎಂದೆ. ವರದಿಗಾರನಾಗಿ ಈ ಮಾತನ್ನು ಅಧಿಕಾರಿಗಳ ಬಾಯಲ್ಲಿ ಕೇಳಿದ್ದೆ. ನನ್ನ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಬಂತೆಂದು ನನಗೇ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಮಸ್ಕಿಯವರೆಗೆ ಪಾರ್ವತಿ ಎಂದಿನಂತೆ ಇಳಿದು ಹತ್ತಿದಳು. ಊರು ದಾಟಿದ ಮೇಲೆ ರಸ್ತೆ ಕಪ್ಪಗೆ, ನುಣ್ಣಗೆ, ಖಾಲಿಯಾಗಿ ಬಿದ್ದಿತ್ತು. ನಾನು ಕಾಲು ಒತ್ತಿದೆ. ಕಾರು ನನ್ನ ಅಪ್ಪಣೆಗೆ ಇಷ್ಟು ದಿನ ಕಾದಿದ್ದಂತೆ ಮುಂದಕ್ಕೆ ಸರಿಯಿತು. ಬೆನ್ನು ಸೀಟಿಗೆ ಅಂಟಿತು. ಜಾಲಿ ಗಿಡಗಳು ಒಂದಕ್ಕೊಂದು ಕೂಡಿಕೊಂಡು ಗೋಡೆಯಾದವು. ನಾನು ಕಿವಿಗೊಟ್ಟೆ. ದನಿ ಬರಲಿಲ್ಲ. ಗಾಜುಗಳು ಬಿಗಿಯಾಗಿ ಮುಚ್ಚಿದ್ದವು. ಇಳಿಸಿದರೆ ಬರೀ ಗಾಳಿಯ ಅಬ್ಬರ. ಇನ್ನೂ ಜೋರಾಗಿ ಹೋದರೆ ಕೇಳೀತೇನೋ ಎಂದುಕೊಳ್ಳುವಷ್ಟರಲ್ಲಿ ಪಾರ್ವತಿ, "ಮುಂದ ನೋಡ್ರಿ!" ಎಂದು ಕೂಗಿದಳು.

ದೂರದಲ್ಲಿ ರಸ್ತೆಯ ಅರ್ಧಭಾಗಕ್ಕೆ ಕಲ್ಲು ಜೋಡಿಸಿ ಏನನ್ನೋ ಹರವಿದ್ದರು. ಬ್ರೇಕು ಹಾಕಿ, ಸಾಕಷ್ಟು ಈಚೆಗೇ ನಿಂತೆ. ಹುರುಳಿ. ಗಿಡಗಳ ಸಮೇತ ಕಿತ್ತು ಹರವಿದ ಹುರುಳಿ. ನನಗೆ ಮೊದಲೇ ಹೊಳೆಯಬೇಕಿತ್ತು. ಭತ್ತದ ಸೀಮೆಯವರು ರಸ್ತೆಯ ಮೇಲೆ ಕಾಳು ಒಣಗಿಸುತ್ತಾರೆ, ಅದರ ಮೇಲೆ ಗಾಲಿ ಹಾಯಿಸಿದರೆ ಜಗಳ. ಒಣಭೂಮಿಯವರು ಹರವುವುದೇ ಗಾಲಿ ಹಾಯಲೆಂದು. ಹೊಸ ಡಾಂಬರೆಂದರೆ ಅವರಿಗೆ ಸರಕಾರ ಸಾರಿಸಿ ಕೊಟ್ಟ ಕಣ.

ಹುಲಿಗೆಮ್ಮ ಕಾಲೆಳೆಯುತ್ತ ಬಂದಳು. ಹಿಂದೆ ಮೂರು ನಾಲ್ಕು ಹೆಂಗಸರು.

"ಯಾಕ್ರೀ ಯಪ್ಪಾ, ನಿಂತ್ರಿ? ಹಾಯಸ್ರಿ, ಹಾಯಸ್ರಿ! ಇಂಥಾ ಅಗಲ ಗಾಲಿ ಎಲ್ಲಿ ಸಿಗತಾವು? ಆದ್ರ ಸಾವಕಾಶ. ಜೋರ್ ಬಂದ್ರ ಕಾಳು ಹೊಲಕ್ಕ ಸಿಡೀತಾವು."

ಖಾಸಿಂಸಾಬನ ಎಚ್ಚರಿಕೆ ಹೇಳಿದೆ: ಹೊಟ್ಟೆ ಕೆಳಗೆ ಬಿಸಿ, ಹುಲ್ಲು ಸಿಗಬಾರದು.

"ತೆಳ್ಳಗ ಹರವತೀವಿ ಬಿಡ್ರಿ. ನೀವು ಇಳದು ಕೆಳಗ ನೋಡಕೋತ ನಡೀರಿ. ಅಕ್ಕಾರು ಹೊಡೀಲಿ."

ಇಳಿಯಬೇಕೆಂದರೆ ಯಾರಾದರೂ ಓಡಿಸಬೇಕು. ಪಾರ್ವತಿ ನನ್ನನ್ನು ನೋಡಿದಳು, ಹುಲಿಗೆಮ್ಮನನ್ನು ನೋಡಿದಳು, ಸೆರಗು ಸಿಕ್ಕಿಸಿ ಸ್ಟೇರಿಂಗಿನ ಮುಂದೆ ಕೂತಳು. ಹೀಗೆ ನೂರಾರು ಅಶ್ವಗಳ ಶಕ್ತಿಯ ಆ ಕಾರು ಅದನ್ನು ಮುಟ್ಟೆನೆಂದಿದ್ದವಳ ಕೈಯಲ್ಲಿ ಹುರುಳಿಯ ಮೇಲೆ ಎತ್ತಿನ ನಡಿಗೆಯಲ್ಲಿ ಹೋಗಿ ಬಂತು, ಹೋಗಿ ಬಂತು. ನಾನು ಪಕ್ಕದಲ್ಲಿ ಬಗ್ಗಿ ಬಗ್ಗಿ ಹೊಟ್ಟೆಗೆ ಸಿಕ್ಕ ಕಡ್ಡಿ ಕೀಳುತ್ತ ನಡೆದೆ. ಹೆಂಗಸರು ನಗುತ್ತಿದ್ದರು. ಕಾಯಿಗಳು ಗಾಲಿಯ ಕೆಳಗೆ ಚಟಚಟ ಒಡೆಯುತ್ತಿದ್ದವು. ಕಾರಿಗೆ ಅಂದು ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ಒಕ್ಕಣೆ ಮುಗಿದ ಮೇಲೆ, "ಮುಂದ ಹೋಗಿ ತಿರುಗಿಸ್ಕೊಂಡ್ ಬರ್ತೀನಿ," ಎಂದು ಪಾರ್ವತಿ ಲಿಂಗಸುಗೂರಿನ ಕಡೆ ಹೋದಳು. ನಾನು ನೆರಳು ಹುಡುಕಿ ಅದೇ ದಿಕ್ಕಿನಲ್ಲಿ, ಹೆಂಗಸರಿಂದ ದೂರ, ರಸ್ತೆ ಬದಿಯ ಬೇವಿನ ಮರದ ತನಕ ನಡೆದೆ. ಅಲ್ಲಿ ನಿಂತು ನೋಡಿದರೆ ದೂರದಲ್ಲಿ ಕಪ್ಪು ಚುಕ್ಕೆ. ನೇರ, ಖಾಲಿ ರಸ್ತೆ ಕಂಡು ಟೀಚರಿಗೂ ಆಸೆಯಾಯಿತೆಂದು ಕಾಣುತ್ತದೆ. ಚುಕ್ಕೆ ಬೆಳೆಯಿತು, ಕಾರಾಯಿತು, ನನ್ನನ್ನು ದಾಟಿತು. ಆಮೇಲೆ ದನಿ ಬಂತು.

ಅದೇ ದನಿ. ಎದೆಯಲ್ಲಿ ಒಂದು ಕ್ಷಣ ನಿಂತಿತು, ಹೋಯಿತು. ಕೈಯಲ್ಲಿ ಲಕೋಟೆ ಇರಲಿಲ್ಲ, ಹುರುಳಿಯ ಕಡ್ಡಿಗಳಿದ್ದವು. ಅದು ಕಾರಿನ ಒಳಗೆ ಯಾವತ್ತೂ ಕೇಳುವ ದನಿಯಾಗಿರಲಿಲ್ಲ. ರಸ್ತೆಯ ಬದಿಗೆ ನಿಂತವನ ಪಾಲಿನದು.

ಕಾರು ಕಲ್ಲುಗಳಿಗಿಂತ ಬಹಳ ಮೊದಲೇ ನಿಧಾನವಾಗಿ ನಿಂತಿತು. ನಾನು ನಡೆದು ಹೋದೆ. ಪಾರ್ವತಿ ಗಾಜು ಇಳಿಸಿ ನನ್ನ ಮುಖ ನೋಡಿದಳು.

"ಯಾಕ್ರೀ, ಕಣ್ಣಾಗ ಹೊಟ್ಟು ಬಿತ್ತೇನು?"

ಹೌದೆಂದೆ.

ಅಲ್ಲಿಂದಲೇ ಅಮರೇಗೌಡನಿಗೆ ಫೋನು ಮಾಡಿದೆ. ಹಂಪು ವಾರದೊಳಗೆ ಬೀಳಬೇಕು, ಇಲ್ಲದಿದ್ದರೆ ನಿವೃತ್ತನಾದರೂ ಪೆನ್ನಿದೆ ಎಂದೆ. "ಮತ್ತ ನಿಮ್ಮ ಕುದುರಿ, ಸರ?" ಎಂದು ಕೇಳಿದ. ಅದಕ್ಕೆ ಹುರುಳಿ ತಿನ್ನಿಸಿಯಾಯಿತು ಎಂದೆ. ಅವನಿಗೆ ಅರ್ಥವಾಗಲಿಲ್ಲ.

ಹಂಪು ಬಿತ್ತು. ಹುಲಿಗೆಮ್ಮನ ಬುಟ್ಟಿ ಅದರ ಪಕ್ಕಕ್ಕೆ ಬಂತು, ಲಾರಿಯವರ ಬೈಗುಳವೂ ಶುರುವಾಯಿತು. ಈಗ ಕಾರು ಪಾರ್ವತಿಯ ಕೈಯಲ್ಲಿದೆ. "ಹಂಪ್ ಬಂತು, ಇಳೀರಿ," ಎನ್ನುತ್ತಾಳೆ. ನಾನು ಇಳಿಯುತ್ತೇನೆ. ಅವಳು ಓರೆಯಾಗಿ ದಾಟಿಸಿ, ನನ್ನನ್ನು ಬಿಟ್ಟು ಒಂದಿಷ್ಟು ದೂರ ಜೋರಾಗಿ ಹೋಗಿ ಕಾಯುತ್ತಾಳೆ. ಅಷ್ಟು ದೂರ ಯಾಕೆ ಹೋಗುತ್ತಾಳೆಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ನಾನು ಮಾತ್ರ ಬೇಗ ಬೇಗ ನಡೆಯುವುದಿಲ್ಲ.