ಎಡ ಮಗ್ಗುಲು ಮೇಲೆ

ಓಚಿ ಶಿಗೆನೊ ನಮ್ಮ ಶಿಯೊಹಾಮದ ಜಪಾನ್-ಅಮೆರಿಕ ಸಂಘಕ್ಕೆ ಸೇರಿದ್ದು ಸ್ನೇಹ ಬೆಳೆಸುವುದಕ್ಕಲ್ಲ. ಸಂಘದ ಹಾಲ್‌ನಲ್ಲಿ ಸೀಮೆಎಣ್ಣೆಯ ಒಲೆ ಇತ್ತು, ಉದ್ದನೆಯ ಮೇಜು ಇತ್ತು. ಆಕೆಯ ಮನೆಯಲ್ಲಿ ಎರಡೂ ಇರಲಿಲ್ಲ. ಚಳಿಗಾಲದಲ್ಲಿ ಬೆರಳು ಮರಗಟ್ಟಿದರೆ ಹೊಲಿಗೆಯವಳಿಗೆ ಊಟವಿಲ್ಲ. ಇದನ್ನು ಆಕೆಯೇ ಸಂಘದ ಇಪ್ಪತ್ತೈದನೆಯ ವರ್ಷದ ಸಮಾರಂಭದಲ್ಲಿ, ಮೇಯರ್ ಎದುರಿಗೆ ಮೈಕಿನಲ್ಲಿ ಹೇಳಿದಳು. ಅಮೆರಿಕದ ಅತಿಥಿಗಳಿಗಾಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದವಳು ನಾನು. 'ಪರಸ್ಪರ ಬೆಚ್ಚಗಿನ ಭಾವನೆಯಿಂದ ಸೇರಿದರು' ಎಂದು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಸಂಘದ ಪತ್ರವ್ಯವಹಾರ ನಲವತ್ತು ವರ್ಷ ನನ್ನ ಕೈಯಲ್ಲಿತ್ತು. ಶಿಗೆನೊ ಇಂಗ್ಲಿಷ್ ಕಲಿಯಲಿಲ್ಲ. ಗುರುವಾರದ ತರಗತಿ ನಡೆಯುವಾಗ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು, ಆಗಸ್ಟಿನ ಹಬ್ಬದ ಕುಣಿತಕ್ಕೆ ಬರುವ ಅಮೆರಿಕದವರಿಗೆ ಯುಕಾತ, ಅಂದರೆ ಬೇಸಿಗೆಯ ಹತ್ತಿ ನಿಲುವಂಗಿ, ಹೊಲಿಯುತ್ತಿದ್ದಳು. ಅದು ಆಕೆಯ ವಂತಿಗೆ.

ಊರಿನಲ್ಲಿ ಇದನ್ನು ಮೆಚ್ಚದವರಿದ್ದರು. ಯುದ್ಧದ ಕೊನೆಯ ಬೇಸಿಗೆಯಲ್ಲಿ ಅಮೆರಿಕದ ವಿಮಾನಗಳು ನಮ್ಮ ಜಲಸಂಧಿಯಲ್ಲಿ ಸಿಡಿಗುಂಡುಗಳನ್ನು ಬಿಟ್ಟುಹೋಗಿದ್ದವು. ಆಕೆಯ ತಂದೆ ಇದ್ದ ದೋಣಿ ಅಂಥದ್ದೊಂದಕ್ಕೆ ತಾಗಿತು. ಹೆಣ ಸಿಗಲಿಲ್ಲ. ಆಗ ಆಕೆಗೆ ಹದಿನಾಲ್ಕು ವರ್ಷ.

ಮೀನು ಮಾರುವ ಕಿಕುನೊ ಒಮ್ಮೆ ಹಾಲ್‌ನ ಬಾಗಿಲಲ್ಲೇ ನಿಂತು ಕೇಳಿದಳು: "ಅಪ್ಪನ್ನ ಮುಳುಗಿಸಿದೋರ ಮಕ್ಕಳಿಗೆ ಬಟ್ಟೆ ಹೊಲೀತೀಯಲ್ಲೇ, ನಾಚಿಕೆ ಆಗಲ್ವಾ?"

ಶಿಗೆನೊ ಸೂಜಿಯಿಂದ ಕಣ್ಣೆತ್ತಲಿಲ್ಲ. "ಅದೇ ನೀರಲ್ಲಿ ಹಿಡಿದ ಮೀನು ಮಾರ್ತೀಯಲ್ಲಕ್ಕಾ, ನಿಂಗೆ ಆಗುತ್ತಾ?"

ಕಿಕುನೊ ಎರಡು ವಾರ ಆಕೆಗೆ ಮೀನು ಕೊಡಲಿಲ್ಲ.

ಲೊರೇನ್ ಬಂದದ್ದು ೧೯೭೧ರಲ್ಲಿ. ಅಮೆರಿಕದ ಅಯೋವಾದಲ್ಲಿ ನಮ್ಮೂರಿನ ಜೊತೆ ಸ್ನೇಹದ ಒಪ್ಪಂದವಿದ್ದ ಪಟ್ಟಣದ ಹುಡುಗಿ, ಹತ್ತೊಂಬತ್ತು ವರ್ಷ. ಸಂಘದ ಅಧ್ಯಕ್ಷರ ಮನೆಯಲ್ಲಿ ಆರು ವಾರ ಇರಬೇಕಿತ್ತು. ಅಷ್ಟರಲ್ಲಿ ಅಧ್ಯಕ್ಷರ ಮಗಳು ಬಾಣಂತನಕ್ಕೆ ಬಂದಳು. ಲೊರೇನ್‌ಳನ್ನು ಒಂಟಿಯಾಗಿದ್ದ ಶಿಗೆನೊಳ ಮನೆಗೆ ಸಾಗಹಾಕಿದರು. ಹುಡುಗಿ ನಮ್ಮ ಬಾಗಿಲುಗಳಿಗೆ ಬಗ್ಗಿಯೇ ಬರಬೇಕು, ಅಷ್ಟು ಎತ್ತರ. ಒಂದು ಯುಕಾತಕ್ಕೆ ಬರುವ ಬಟ್ಟೆ ಅವಳಿಗೆ ಸಾಲಲಿಲ್ಲ. ಶಿಗೆನೊ ನಡುಪಟ್ಟಿಯ ಕೆಳಗೆ ಮುಚ್ಚಿಹೋಗುವ ಜಾಗದಲ್ಲಿ ಬೇರೆ ತುಂಡು ಸೇರಿಸಿದಳು.

ಮೊದಲ ದಿನ ಲೊರೇನ್ ಆಕೆಯನ್ನು ಅಮ್ಮ ಎಂದಳು. ಅತಿಥಿ ವಿದ್ಯಾರ್ಥಿಗಳು ಮನೆಯೊಡತಿಯನ್ನು ಹಾಗೆಯೇ ಕರೆಯಬೇಕೆಂದು ನಾನೇ ಹೇಳಿಕೊಟ್ಟಿದ್ದೆ.

"ಅಮ್ಮ ಗಿಮ್ಮ ಅನ್ಬೇಡ," ಎಂದಳು ಶಿಗೆನೊ. "ಮದುವೇನೇ ಆಗಿಲ್ಲ ನಂಗೆ. ಕೇಳಿಸಿಕೊಂಡೋರು ಏನಂದ್ಕೋಬೇಕು? ಅಕ್ಕ ಅನ್ನು."

ಆ ಸಂಜೆ ಲೊರೇನ್ ಯುಕಾತವನ್ನು ತಾನೇ ಉಟ್ಟುಕೊಂಡು ಬಂದಳು. ಅವರ ಕಡೆ ಹೆಂಗಸರ ಅಂಗಿಗೆ ಬಲ ಮಗ್ಗುಲು ಮೇಲೆ ಬರುತ್ತದೆ. ಅವಳು ಹಾಗೆಯೇ ಉಟ್ಟಿದ್ದಳು. ಶಿಗೆನೊ ಅಳತೆಯ ಬಿದಿರು ಕೋಲಿನಿಂದ ಅವಳ ಕೈಗೆ ಫಟ್ ಎಂದು ಹೊಡೆದಳು.

"ಬಲ ಒಳಗೆ. ಎಡ ಮೇಲೆ. ತಿಳೀತಾ?"

"ಯಾಕೆ?" ಎಂದಳು ಲೊರೇನ್, ನನ್ನ ಕಡೆ ತಿರುಗಿ.

"ಯಾಕೆ ಅಂದ್ರೆ, ಅದು ಹಾಗೇ," ಎಂದಳು ಶಿಗೆನೊ.

ಯಾಕೆ ಎಂದು ನಮ್ಮ ಊರಿನ ಐದು ವರ್ಷದ ಮಗುವಿಗೂ ಗೊತ್ತು. ಬಲ ಮಗ್ಗುಲನ್ನು ಮೇಲೆ ತಂದು ಉಡಿಸುವುದು ಹೆಣಕ್ಕೆ. ಆದರೆ ದೂರದಿಂದ ಬಂದ ಹುಡುಗಿಯ ಕಿವಿಗೆ ಮೊದಲ ದಿನವೇ ಸಾವಿನ ಮಾತು ಹಾಕುವುದು ನಮ್ಮಲ್ಲಿಲ್ಲ. 'ಅದು ಪದ್ಧತಿ' ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಆಮೇಲೆ ಮೂವತ್ತೆಂಟು ವರ್ಷಗಳಲ್ಲಿ ಲೊರೇನ್ ಒಂಬತ್ತು ಸಲ ಬಂದಳು. ಪ್ರತಿ ಸಲವೂ ಮೊದಲ ಸಂಜೆ ತಪ್ಪಾಗಿಯೇ ಉಡುತ್ತಿದ್ದಳು, ಪ್ರತಿ ಸಲವೂ ಏಟು ತಿನ್ನುತ್ತಿದ್ದಳು. ಕೊನೆಕೊನೆಗೆ ಬೇಕೆಂದೇ ಮಾಡುತ್ತಿದ್ದಳೋ ಏನೋ. ಕಾರಣವನ್ನು ನಾವಿಬ್ಬರೂ ಹೇಳಲಿಲ್ಲ. ಮೊದಲು ಮರ್ಯಾದೆಗೆ ಹೇಳಲಿಲ್ಲ, ಆಮೇಲೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮೂರನೆಯ ಸಲ ಬಂದಾಗ ಅವಳು ತಾನೇ ಹೊಲಿದ ಕೌದಿ ತಂದಳು. ಶಿಗೆನೊ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಒಳ್ಳೇ ಬಟ್ಟೇನ ಚೂರು ಚೂರು ಮಾಡಿ ಮತ್ತೆ ಜೋಡಿಸೋದಾ? ನಿಮ್ಮೂರಲ್ಲಿ ಮಾಡೋಕೆ ಬೇರೆ ಕೆಲಸ ಇಲ್ವಾ?"

"ಅರ್ಧ ವರ್ಷ ಹಿಮ ಅಕ್ಕಾ. ಏನ್ ಮಾಡ್ಲಿ?"

"ಹೊಲಿಗೆ ಏನೋ ಸಣ್ಣದಾಗಿದೆ. ಆದ್ರೆ ಬಿಚ್ಚಕ್ಕಾಗಲ್ಲ ಇದು. ಬಿಚ್ಚಿ, ಒಗೆದು, ಮತ್ತೆ ಹೊಲಿಯಕ್ಕೆ ಬರದೇ ಇರೋದು ಹೊಲಿಗೆ ಅಲ್ಲ."

ಆದರೂ ಸಾಯುವವರೆಗೆ ಅದನ್ನೇ ಹೊದೆಯುತ್ತಿದ್ದಳು.

೨೦೦೯ರ ಏಪ್ರಿಲ್‌ನಲ್ಲಿ ಆಕೆಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಎಪ್ಪತ್ತೆಂಟು ವರ್ಷ. ನವೆಂಬರಿನಲ್ಲಿ ಮೇಪಲ್ ಎಲೆ ಕೆಂಪಾಗುವವರೆಗೆ ಇರಬಹುದು ಎಂದರು ವೈದ್ಯರು. ಆ ಆಗಸ್ಟಿನಲ್ಲಿ ಸಂಘಕ್ಕೆ ನಲವತ್ತೈದು ವರ್ಷ ತುಂಬುವುದಿತ್ತು, ಕುಣಿತಕ್ಕೆ ಲೊರೇನ್ ಬರುವುದೂ ಗೊತ್ತಾಗಿತ್ತು. ಶಿಗೆನೊಗೆ ಬೇಕಾಗಿದ್ದದ್ದು ಒಂದೇ. ಲೊರೇನ್‌ಗೆ ಇನ್ನೊಂದು ಯುಕಾತ ಹೊಲಿದು, ತನ್ನ ಕೈಯಾರೆ ಉಡಿಸಬೇಕು.

"ಲೊರೇನ್‌ಗೆ ಬರೀತೀನಿ," ಎಂದೆ.

"ಏನಂತ?"

"ಇರೋದನ್ನ."

"ಬೇಡ ಟೀಚರ್. ಅವಳು ಕುಣಿಯೋಕೆ ಬರೋಳು. ಹಾಸಿಗೆ ಪಕ್ಕ ಕೂರಿಸೋಕೆ ಕರೆಸ್ತೀರಾ? ಅತಿಥಿಗೆ ಮಾಡೋ ಮರ್ಯಾದೇನಾ ಅದು? ಅಳತೆ ಮಾತ್ರ ಕೇಳಿ. ಫೋಟೋದಲ್ಲಿ ದಪ್ಪ ಆಗಿರೋ ಹಾಗೆ ಕಾಣ್ತಾಳೆ. ಹಾಗಂತ ಬರೀಬೇಡಿ ಮತ್ತೆ."

ಅಳತೆ ಕೇಳಿ ಬರೆದೆ. ಉತ್ತರ ಬಂತು. ಶಿಗೆನೊ ಇಂಚುಗಳನ್ನು ತನ್ನ ಬಿದಿರು ಕೋಲಿನ ಲೆಕ್ಕಕ್ಕೆ ತಂದು, ಒಂದು ಕ್ಷಣ ಯೋಚಿಸಿ, "ಸೊಂಟ ಸುಳ್ಳು," ಎಂದು ಎರಡು ಬೆರಳು ಹೆಚ್ಚು ಗುರುತು ಹಾಕಿದಳು. ಕಡುನೀಲಿ ಬಟ್ಟೆ, ಮೇಲೆ ಬಿಳಿಯ ಬಲೆಯ ಚಿತ್ತಾರ. ಜೂನ್‌ನಲ್ಲಿ ದಿನಕ್ಕೆ ಒಂದು ಗಂಟೆ ಹೊಲಿದಳು, ಜುಲೈನಲ್ಲಿ ಆಸ್ಪತ್ರೆಯ ಮಂಚದ ಮೇಲೆ ಕಾಲು ಗಂಟೆ.

ಜುಲೈ ಕೊನೆಯಲ್ಲಿ ಲೊರೇನ್‌ಳಿಂದ ಪತ್ರ ಬಂತು. ಅಕ್ಕ ಫೋನಿಗೆ ಸಿಗುತ್ತಿಲ್ಲ, ಹುಷಾರಾಗಿದ್ದಾರೆಯೇ? ತಾನು ಕಲಿಸುವ ಶಾಲೆಗೆ ರಜೆ, ಬೇಕಾದರೆ ಎರಡು ವಾರ ಮುಂಚೆಯೇ ಹೊರಟುಬರಬಹುದು. ಪತ್ರವನ್ನು ಆಸ್ಪತ್ರೆಗೆ ಒಯ್ದು ಶಿಗೆನೊಗೆ ಓದಿ ಹೇಳಿದೆ.

"ಮುಂಚೆ ಬರೋದಾ? ಕೊರಳಪಟ್ಟಿ ಇನ್ನೂ ಕೂರಿಸಿಲ್ಲ," ಎಂದಳು. "ಚೆನ್ನಾಗಿದಾಳೆ ಅಂತ ಬರೀರಿ. ಎರಡು ವಾರ ತಾನೆ, ತಡ್ಕೋತೀನಿ."

"ಶಿಗೆನೊ-ಸಾನ್, ಅವಳು ಕೇಳ್ತಿರೋದು ನಿಜವನ್ನ."

"ನಾನು ಹೇಳ್ತಿರೋದೂ ಅದನ್ನೇ. ಬರೀರಿ ಟೀಚರ್."

ಬರೆದೆ. 'ಶಿಗೆನೊ ಚೆನ್ನಾಗಿದ್ದಾರೆ, ಹೊಲಿಗೆಯಲ್ಲಿ ಮುಳುಗಿದ್ದಾರೆ.' ಆಕೆ ಹೇಳಿದ್ದರಿಂದ ಬರೆದೆ ಎಂಬುದು ನಿಜ. ಆಕೆಯ ಮಣಿಕಟ್ಟು ಎಷ್ಟು ತೆಳ್ಳಗಾಗಿತ್ತೆಂದು ನೋಡಿಕೊಂಡೇ ಬರೆದೆ ಎಂಬುದೂ ನಿಜ.

ಆಗಸ್ಟಿನ ಎರಡನೆಯ ಭಾನುವಾರ ಬೆಳಗ್ಗೆ ಶಿಗೆನೊ ತೀರಿಕೊಂಡಳು. ಲೊರೇನ್ ಆಗಲೇ ಮನೆಯಿಂದ ಹೊರಟಾಗಿತ್ತು. ಸಂಸ್ಕಾರ ಮಂಗಳವಾರ ಮುಗಿಯಬೇಕಿತ್ತು. ಆದರೆ ಪಂಚಾಂಗದಲ್ಲಿ ಆ ದಿನ ಸತ್ತವರು ಗೆಳೆಯರನ್ನು ಜೊತೆಗೆ ಎಳೆದುಕೊಂಡು ಹೋಗುವ ದಿನ. ನಮ್ಮ ಕಡೆ ಅಂದು ಚಿತಾಗಾರ ತೆರೆಯುವುದಿಲ್ಲ. ಹಾಗಾಗಿ ಬುಧವಾರಕ್ಕೆ ಹೋಯಿತು. ಆ ಒಂದು ದಿನದಿಂದಾಗಿ ಲೊರೇನ್‌ಗೆ ಮುಖವಾದರೂ ನೋಡಲು ಸಿಕ್ಕಿತು.

ಮಂಗಳವಾರ ಸಂಜೆ ರೈಲು ನಿಲ್ದಾಣಕ್ಕೆ ಹೋದವಳು ನಾನು. ಕಪ್ಪು ಬಟ್ಟೆಯಲ್ಲಿದ್ದೆ. ಅವಳು ದೂರದಿಂದಲೇ ನೋಡಿದಳು. ಕೈ ಬೀಸಲು ಎತ್ತಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಯಾವಾಗ?" ಎಂದಳು, ನಮ್ಮ ಭಾಷೆಯಲ್ಲಿ.

"ಭಾನುವಾರ."

"ಚೆನ್ನಾಗಿದಾರೆ ಅಂತ ಬರೆದಿದ್ರಿ."

"ಹೌದು. ಬರೆದೆ."

"ನಾನು ಕೇಳಿದ್ದೆ ಟೀಚರ್. ಕೇಳಿದ್ದೆ ನಾನು."

ನಾನು ಅವಳ ಪೆಟ್ಟಿಗೆ ಎತ್ತಿಕೊಳ್ಳಲು ಹೋದೆ. ಅವಳು ಕೊಡಲಿಲ್ಲ.

ಮನೆಯಲ್ಲಿ ಶಿಗೆನೊಳ ಸೋದರಳಿಯ, ಅವನ ಹೆಂಡತಿ ಮಸುಯೊ, ಸಂಘದ ನಾಲ್ಕಾರು ಜನ ಇದ್ದರು. ಶವಪೆಟ್ಟಿಗೆ ಕಿರುಕೋಣೆಯಲ್ಲಿತ್ತು. ಲೊರೇನ್ ಮಂಡಿಯೂರಿ ಬಹಳ ಹೊತ್ತು ಮುಖ ನೋಡಿದಳು. ಆಮೇಲೆ ಅವಳ ಕಣ್ಣು ಕೆಳಗಿಳಿಯಿತು. ಬಿಳಿ ಬಟ್ಟೆಯಲ್ಲಿ ಬಲ ಮಗ್ಗುಲು ಮೇಲಿತ್ತು.

"ಇದು ತಪ್ಪು," ಎಂದಳು. ಎರಡೂ ಕೈಯನ್ನು ಒಳಗೆ ಇಳಿಸಿ, ಮೇಲಿದ್ದ ಅಂಚನ್ನು ಹಿಡಿದು ಸಡಿಲಿಸತೊಡಗಿದಳು. "ಯಾರು ಉಡಿಸಿದ್ದು? ಅಕ್ಕನಿಗೆ ಕೋಪ ಬರುತ್ತೆ. ಎಡ ಮೇಲೆ ಬರ್ಬೇಕು."

"ಅಯ್ಯೋ, ಮುಟ್ಬೇಡಿ!" ಎಂದು ಮಸುಯೊ ಕಿರುಚಿದಳು. ಯಾರೋ ಲೊರೇನ್‌ಳ ತೋಳು ಹಿಡಿದರು.

ನಾನು ಪಕ್ಕದಲ್ಲಿ ಕೂತು ಹೇಳಿದೆ. "ತಪ್ಪಲ್ಲ ಲೊರೇನ್. ಸತ್ತವರಿಗೆ ಹಾಗೇ ಉಡಿಸೋದು. ಬದುಕಿರೋರು ಹಾಗೆ ಉಡಬಾರದು. ಅದಕ್ಕೇ ಆಕೆ ಹೊಡೀತಿದ್ದದ್ದು."

ಅವಳು ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಮೂವತ್ತೆಂಟು ವರ್ಷ," ಎಂದಳು. "ಇದನ್ನೂ ಹೇಳ್ಲಿಲ್ಲ."

ಮಸುಯೊ ಬಗ್ಗಿ ಬಟ್ಟೆಯನ್ನು ಮತ್ತೆ ಮೊದಲಿನಂತೆ ಸರಿಪಡಿಸಿದಳು. ಬಲ ಮೇಲೆ.

ಮರುದಿನ ದಹನವಾದ ಮೇಲೆ ಹತ್ತಿರದವರು ಇಬ್ಬಿಬ್ಬರಾಗಿ ಮೂಳೆಗಳನ್ನು ಕಡ್ಡಿಗಳಿಂದ ಎತ್ತಿ ಮಡಕೆಗೆ ತುಂಬುವಾಗ, ಮಸುಯೊಳ ಜೊತೆ ಒಂದೇ ಮೂಳೆಯನ್ನು ಹಿಡಿಯಲು ಲೊರೇನ್‌ಳನ್ನೇ ಕರೆದರು. ಕೌದಿಯನ್ನು ಶವದ ಜೊತೆ ಸುಡಲು ಇಟ್ಟಿದ್ದರೆಂದು ಆಗಲೇ ಅವಳಿಗೆ ತಿಳಿದದ್ದು.

ಯುಕಾತ ಉಳಿದಿತ್ತು. ಶಿಗೆನೊ ಕೊರಳಪಟ್ಟಿಯನ್ನು ಗುಂಡುಸೂಜಿಗಳಿಂದ ಕೂರಿಸಿದ್ದಳು, ಎಡಗಡೆ ಒಂದು ಗೇಣು ಹೊಲಿದಿದ್ದಳು, ಅಲ್ಲಿಗೆ ದಾರ ನಿಂತಿತ್ತು. ಕುಣಿತದ ದಿನ ಮಧ್ಯಾಹ್ನ ಲೊರೇನ್ ಅದನ್ನು ಸಂಘದ ಹಾಲ್‌ಗೆ ತಂದು, ಉದ್ದನೆಯ ಮೇಜಿನಲ್ಲಿ ಶಿಗೆನೊ ಕೂರುತ್ತಿದ್ದ ತುದಿಯಲ್ಲಿ ಕೂತು, ಅದೇ ಸೂಜಿಯಿಂದ ಮುಂದುವರಿಸಿದಳು. ಕೌದಿಯ ಹೊಲಿಗೆ, ಸಣ್ಣದು, ಒತ್ತಾದದ್ದು. ಶಿಗೆನೊಳ ಹೊಲಿಗೆ ಎಲ್ಲಿ ನಿಂತು ಅವಳದು ಎಲ್ಲಿ ಶುರುವಾಯಿತೆಂದು ಯಾರಿಗಾದರೂ ಕಾಣುತ್ತಿತ್ತು.

ಸಂಜೆ ಉಟ್ಟುಕೊಂಡು ಬಂದು ನನ್ನೆದುರು ನಿಂತಳು. ಎಡ ಮಗ್ಗುಲು ಮೇಲೆ. ಮೊದಲ ಸಲಕ್ಕೇ ಸರಿಯಾಗಿ ಉಟ್ಟಿದ್ದಳು. ಸೊಂಟ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

"ಸರಿ ಇದೆಯಾ ಟೀಚರ್? ನಿಜ ಹೇಳಿ."

"ಉಟ್ಟಿರೋದು ಸರಿ ಇದೆ," ಎಂದೆ. "ಕೊರಳಪಟ್ಟಿ ಸರಿ ಇಲ್ಲ. ಒತ್ತಾಗಿ ಹೊಲಿದಿದೀಯ. ಶಿಗೆನೊ ನೋಡಿದ್ರೆ ಬಿಚ್ಚಿಹಾಕ್ತಿದ್ಳು."

"ಗೊತ್ತು," ಎಂದಳು. "ಬಿಚ್ಚಲಿ."

ಹೊರಗೆ ಡೋಲು ಶುರುವಾಗಿತ್ತು. ಅವಳು ಕುಣಿಯಲು ಹೋಗಲಿಲ್ಲ. ಮೇಜಿನ ಆ ತುದಿಗೇ ಹೋಗಿ, ಎರಡೂ ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು, ಡೋಲು ನಿಲ್ಲುವವರೆಗೂ ಕೂತಿದ್ದಳು.